ಕೇಪಿಗೆ ತೀರ್ಥ

ಕೃಷ್ಣಪ್ಪನವರು ಕೇಪು ಕೂಡಿಸಿದ ತೋಟೆ ಒಂದೂ ಈವರೆಗೆ ಹುಸಿ ಹೋಗಿರಲಿಲ್ಲ. ಇದನ್ನು ಅವರು ಎಲ್ಲರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಸಿಕ್ಕಿದವರಿಗೆ ಮಾತ್ರ ಹೇಳುತ್ತಿದ್ದರು. ಅರಬರ ನಾಡಿನಲ್ಲಿ, ಬನಿಯಾಸ್ ದಾಟಿ ಮರಳಿನ ಕಡೆಗೆ ಹೊರಳುವ ರಸ್ತೆಯ ತುದಿಯಲ್ಲಿದ್ದ ಆ ಖಾಸಗಿ ಶೂಟಿಂಗ್ ಕ್ಲಬ್ಬಿಗೆ ಬಂದವರಲ್ಲಿ ಅವರಿಗೆ ಸಿಗದೆ ಪಾರಾದವರು ತೀರ ಕಡಿಮೆ.

ಗುಂಡು ಹಾರಿದ ಮೇಲೆ ನೆಲಕ್ಕುದುರುವ ಹಿತ್ತಾಳೆಯ ಚಿಪ್ಪುಗಳನ್ನು ಹೆಕ್ಕಿ, ತೊಳೆದು, ಒಣಗಿಸಿ, ಬುಡಕ್ಕೆ ಹೊಸ ಕೇಪು ಕೂಡಿಸಿ, ಮದ್ದು ತುಂಬಿ, ತಲೆಗೊಂದು ಗುಂಡು ಇಟ್ಟು ಮತ್ತೆ ತೋಟೆ ಮಾಡುವುದು ಆ ಕ್ಲಬ್ಬಿನ ಹಿಂಗೋಣೆಯ ಕಸುಬು. ತೊಳೆಯುವುದು ಉಪ್ಪಿನಂಗಡಿಯ ಅಬ್ದುಲ್ ರವೂಫನ ಪಾಲು. ಕೇಪು ಕೃಷ್ಣಪ್ಪನವರದು. ಉದ್ದಿನ ಕಾಳಿನಷ್ಟು ದೊಡ್ಡ ಲೋಹದ ಬಟ್ಟಲು ಅದು. ಕೋವಿಯ ಸೂಜಿ ಬಡಿದಾಗ ಕಿಡಿಯಾಗಿ ಒಳಗಿನ ಮದ್ದನ್ನು ಎಬ್ಬಿಸುತ್ತದೆ. ಕಾರ್ಖಾನೆಯವರು ಬೆವರಿದ ಬೆರಳು ತಾಗದಿರಲೆಂದು ಒಂದೊಂದಕ್ಕೂ ಒಂದೊಂದು ಗೂಡು ಕಟ್ಟಿ ಕಳಿಸುವ ಈ ಸುಕುಮಾರ ವಸ್ತುವನ್ನು ತಾವಲ್ಲದೆ ಇನ್ನೊಬ್ಬರು ಮುಟ್ಟಬಾರದೆಂದು ಕೃಷ್ಣಪ್ಪನವರು ವಿಧಿಸಿದ್ದರು. ತಾವು ಮುಟ್ಟಬಹುದೇ ಎಂಬ ಪ್ರಶ್ನೆ ಅವರಿಗೆ ಯಾವತ್ತೂ ಎದುರಾಗಿರಲಿಲ್ಲ.

ಆ ವರ್ಷದ ಆಯುಧಪೂಜೆಯ ದಿನ ಅವರು ಕಾರ್ಕಳದ ಮನೆಯಿಂದ ತಂದಿದ್ದ ಹಿತ್ತಾಳೆಯ ಹರಿವಾಣವನ್ನು ಕೆಲಸದ ಮೇಜಿನ ಮೇಲಿಟ್ಟರು. ರವೂಫ್ ಅಲ್ ಮೀನಾದ ಮಾರುಕಟ್ಟೆಗೆ ಮೀನಿಗೆ ಹೋದವನು ಅವರ ಅಪ್ಪಣೆಯಂತೆ ಚೆಂಡುಹೂವನ್ನೂ ತಂದಿದ್ದ. ಹೂವಿಗೆ ಅಂಜಲ್ ಮೀನಿನ ವಾಸನೆ ತುಸು ತಾಗಿತ್ತು, ದೇವರು ಕರಾವಳಿಯವನಾದ್ದರಿಂದ ಆಕ್ಷೇಪಿಸಲಿಲ್ಲ. ಮದ್ದಿನ ಕೋಣೆಯಲ್ಲಿ ದೀಪ, ಕರ್ಪೂರ, ಊದುಬತ್ತಿ ಸಲ್ಲದು ಎಂಬುದನ್ನು ಕೃಷ್ಣಪ್ಪನವರು ತಾವಾಗಿಯೇ ಮುಂದಾಗಿ ಘೋಷಿಸಿದರು. ಸುರಕ್ಷತೆಯೆಂದರೆ ಸುರಕ್ಷತೆ. ಬೆಂಕಿಯನ್ನು ಹೀಗೆ ಹೊರಗಿಟ್ಟ ಮೇಲೆ ಉಳಿದದ್ದು ನೀರು ಮತ್ತು ಎಣ್ಣೆ. ಅವುಗಳಿಂದ ಯಾರಿಗೆ ತಾನೆ ಕೇಡು?

ತೋಟೆ ಒತ್ತುವ ಪ್ರೆಸ್ಸಿಗೆ ಎಣ್ಣೆ ಸವರಿ ಕುಂಕುಮವಿಟ್ಟರು. ಮದ್ದು ತೂಗುವ ತಕ್ಕಡಿಗೆ ಗಂಧ ಹಚ್ಚಿದರು. ಆಮೇಲೆ, ನಿಜವಾದ ಆಯುಧ ಯಾವುದು ಎಂದು ತಮ್ಮನ್ನೇ ಕೇಳಿಕೊಂಡು, ಕೇಪಿನ ಪೆಟ್ಟಿಗೆ ಬಿಚ್ಚಿ, ಗೂಡುಗಳಿಂದ ಅಷ್ಟನ್ನೂ ಹರಿವಾಣಕ್ಕೆ ಸುರುವಿದರು.

ರವೂಫ್ ಗೋಡೆಗೆ ಒತ್ತಿಕೊಂಡ. "ಕೃಷ್ಣಪ್ಪಣ್ಣ, ಎಂತ ಮಾಡ್ತೀರಿ ಮಾರಾಯ್ರೆ! ಅದು ಅಕ್ಷತೆಯಾ?"

"ಸುಮ್ಮನಿರು. ಮುಚ್ಚಿದ ಪೆಟ್ಟಿಗೆಗೆ ಪೂಜೆ ಮಾಡಿದರೆ ಪೆಟ್ಟಿಗೆಗೆ ಮಾತ್ರ ಮುಟ್ಟುವುದು."

"ನೀರು ಒಳಗೆ ಹೋದೀತು."

"ಇದು ನೀರಲ್ಲ, ತೀರ್ಥ."

ಹೂವನ್ನು ಅದ್ದಿ ಪ್ರೋಕ್ಷಿಸಿದರು. ದೀಪಕ್ಕೆ ಸಲ್ಲಬೇಕಾಗಿದ್ದ ತೆಂಗಿನೆಣ್ಣೆಯ ಕೆಲವು ಹನಿಗಳನ್ನೂ ಬೆರಳ ತುದಿಯಿಂದ ಬಿಟ್ಟರು. ಹರಿವಾಣದಲ್ಲಿ ಕೇಪುಗಳು ಮಿನುಗಿದವು, ಆಕಾಶವನ್ನು ಯಾರೋ ಚಿಲ್ಲರೆ ಮಾಡಿಸಿಟ್ಟ ಹಾಗೆ. ಮ್ಯಾನೇಜರ್ ಲಿಯೊನೆಲ್ ಸರ್ ಬಾಗಿಲಲ್ಲಿ ಇಣುಕಿ, "ವೆರಿ ನೈಸ್, ವೆರಿ ನೈಸ್" ಎಂದು ಎರಡು ಮುಷ್ಟಿ ಪಂಚಕಜ್ಜಾಯ ತಿಂದು, ಫೋಟೋ ತೆಗೆದುಕೊಂಡು ಹೋದರು. ಮರುದಿನ ಕೃಷ್ಣಪ್ಪನವರು ಕೇಪುಗಳನ್ನು ಟಿಶ್ಯೂ ಪೇಪರಿನಲ್ಲಿ ಒರಸಿ, ಚಿಪ್ಪುಗಳಿಗೆ ಕೂಡಿಸಿ, ತೋಟೆಗಳ ಪೆಟ್ಟಿಗೆಗಳನ್ನು ತುಂಬಿಸಿದರು. ಹೊರಗೆ ಒಣಗಿದ್ದು ಕಾಣುತ್ತಿತ್ತು. ಒಳಗಿನದು ಕಾಣುತ್ತಿರಲಿಲ್ಲ; ಕಾಣದ್ದರ ಬಗ್ಗೆ ಅವರಿಗೆ ಮೊದಲಿನಿಂದಲೂ ಅಪಾರ ನಂಬಿಕೆ.

ಶುಕ್ರವಾರ ಅರ್ಬಾಬರ ಭಾವ ಬಂದರು. ಅರ್ಬಾಬರೆಂದರೆ ಕ್ಲಬ್ಬಿನ ಧಣಿ; ಅವರ ಭಾವನೆಂದರೆ ನಿಯಮಗಳಿಗೂ ಭಾವ. ತೋಟೆ ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ತಾಳ್ಮೆಯಿಂದ ಕಾಯಬೇಕು, ಸತ್ತಂತೆ ತೋರುವ ಕೇಪು ತಡವಾಗಿ ಎಚ್ಚರಾಗಬಹುದು ಎಂದು ಗೋಡೆಯ ಮೇಲೆ ಅನೇಕ ಭಾಷೆಗಳಲ್ಲಿ ಬರೆದಿತ್ತು. ಭಾವನವರಿಗೆ ಆ ಭಾಷೆಗಳಲ್ಲಿ ಒಂದೆರಡು ಬರುತ್ತಿದ್ದವು. ಕಾಯುವುದು ಮಾತ್ರ ಬರುತ್ತಿರಲಿಲ್ಲ. ಕೋವಿ ಮೊದಲು 'ಟಿಕ್' ಎಂದಿತು. ಅವರು ಕೋವಿಯನ್ನು ಕೆಳಗಿಳಿಸಿ, "ಇದೇನು, ಆಟಿಕೆಯೇ?" ಎಂದು ಹಿಂದೆ ತಿರುಗಿದರು. ಆಗ ಅದು ಹಾರಿತು.

ಗುಂಡು ಅವರ ಚಪ್ಪಲಿಯ ಮುಂದಿನ ಮರಳಿಗೆ ಹೊಕ್ಕಿತು. ಬಿಳಿಯ ಕಂದೂರ ನಿಲುವಂಗಿಯ ಮೇಲೆ ಮೊಣಕಾಲವರೆಗೆ ಧೂಳು. ಯಾರಿಗೂ ಏನೂ ಆಗಲಿಲ್ಲ, ಹಿಂದೆ ನಿಂತಿದ್ದ ಕೃಷ್ಣಪ್ಪನವರೊಬ್ಬರನ್ನು ಬಿಟ್ಟು. ಅವರೊಳಗೆ ಏನೋ ಒಂದು 'ಟಿಕ್' ಎಂದು ನಿಂತುಬಿಟ್ಟಿತು. ಅದೇ ಪೆಟ್ಟಿಗೆಯ ಬೇರೆ ತೋಟೆಗಳನ್ನು ಗುರಿಕಟ್ಟೆಯವರು ಎಚ್ಚರದಿಂದ ಪರೀಕ್ಷಿಸಿದರು. ಕೆಲವು ಹಾರಿದವು, ಕೆಲವು ಹಾರಲಿಲ್ಲ, ಕೆಲವು ಯೋಚಿಸಿ ಹಾರಿದವು.

ಶನಿವಾರ ಲಿಯೊನೆಲ್ ಸರ್ ಸಭೆ ಕರೆದರು. ಬಿಳಿ ಹಲಗೆಯ ಮೇಲೆ 'ರೂಟ್ ಕಾಸ್' ಎಂದು ಬರೆದು ಕೆಳಗೆರಡು ಗೆರೆ ಎಳೆದರು. ಬೇರನ್ನು ಹುಡುಕುವಾಗ ಮರದ ಮೇಲೆ ಕುಳಿತವರನ್ನು ಬಿಟ್ಟುಬಿಡುವುದು ಅವರ ಪದ್ಧತಿ. ಅರ್ಬಾಬರ ಭಾವ ಕಾರಣರಾಗುವಂತಿರಲಿಲ್ಲ. ಕೇಪು ಮಾರಿದವನು ಅರ್ಬಾಬರ ಗೆಳೆಯ, ಅವನೂ ಆಗುವಂತಿರಲಿಲ್ಲ.

"ಹ್ಯುಮಿಡಿಟಿ ಇರಬಹುದು ಸರ್," ಎಂದರು ಕೃಷ್ಣಪ್ಪನವರು. ತಮ್ಮ ಧ್ವನಿ ಇಷ್ಟು ತೆಳ್ಳಗಿದೆಯೆಂದು ಅವರಿಗೇ ಗೊತ್ತಿರಲಿಲ್ಲ.

"ಎಸಿ ಹಾಕಿಸಿದ್ದು ನಾನು. ಹ್ಯುಮಿಡಿಟಿ ಹೇಗೆ ಬರ್ತದೆ?" ಲಿಯೊನೆಲ್ ಸರ್ ಹಲಗೆಯ ಮೇಲೆ 'ನೀರು' ಎಂದು ಬರೆದು ಕೋಣೆಯನ್ನೆಲ್ಲ ಕಣ್ಣಾಡಿಸಿದರು. "ಇಲ್ಲಿ ನೀರಿನ ಕೆಲಸ ಯಾರದ್ದು?"

ಎಲ್ಲರೂ ರವೂಫನನ್ನು ನೋಡಿದರು. ರವೂಫ್ ಕೃಷ್ಣಪ್ಪನವರನ್ನು ನೋಡಿದ. ಕೃಷ್ಣಪ್ಪನವರು ಎಸಿಯನ್ನು ನೋಡಿದರು.

"ನಾನು ಚಿಪ್ಪು ಒಣಗಿಸದೆ ಕೊಟ್ಟದ್ದಿಲ್ಲ ಸರ್," ಎಂದ ರವೂಫ್.

"ಹೌದಾ? ಹಾಗಾದರೆ ಒಳಗೆ ನೀರು ಮೇಲಿನಿಂದ ಬಿತ್ತಾ?" ಲಿಯೊನೆಲ್ ಸರ್ ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ಮೇಲಿನಿಂದಲೇ ಬಿದ್ದದ್ದು ಎಂಬುದನ್ನು ಬಲ್ಲ ಇಬ್ಬರು ನಗಲಿಲ್ಲ. "ನಿಮ್ಮ ವೀಸಾ ಬರುವ ತಿಂಗಳು ಮುಗೀತದಲ್ವಾ ರವೂಫ್? ರಿನ್ಯೂ ಮಾಡುವುದು ಕಷ್ಟ ಉಂಟು. ಬುಧವಾರ ಅರ್ಬಾಬರಿಗೆ ಹೆಸರು ಹೇಳಬೇಕು ನಾನು. ಬೇಜಾರು ಮಾಡ್ಬೇಡಿ, ಇದು ಪರ್ಸನಲ್ ಅಲ್ಲ."

ಪರ್ಸನಲ್ ಅಲ್ಲದ ಈ ಸಂಗತಿ ಸಂಜೆ ರವೂಫನ ಹಳೆಯ ಕಾರಿನಲ್ಲಿ ಇಬ್ಬರ ನಡುವೆ ಕುಳಿತು ಪ್ರಯಾಣ ಮಾಡಿತು. ಎಂದಿನಂತೆ ಅವನು ಕೃಷ್ಣಪ್ಪನವರನ್ನು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಇಳಿಸಿ ಹೋಗಬೇಕಿತ್ತು. ಇಬ್ಬದಿಯ ದೀಪದ ಕಂಬಗಳು, ಬರೆಯದೆ ಬಿಟ್ಟ ಸಾಲುಗಳ ಹಾಗೆ, ಒಂದರ ಹಿಂದೊಂದು ಹಿಂದೆ ಸರಿಯುತ್ತಿದ್ದವು.

"ನೀನು ಯಾಕೆ ಹೇಳಲಿಲ್ಲ?" ಕೊನೆಗೂ ಕೃಷ್ಣಪ್ಪನವರು ಕೇಳಿದರು. ಕೇಳಬೇಕಾದವನು ಯಾರು, ಹೇಳಬೇಕಾದವನು ಯಾರು ಎಂಬ ಸಣ್ಣ ವ್ಯತ್ಯಾಸ ಆ ಕ್ಷಣಕ್ಕೆ ಅವರ ಗಮನಕ್ಕೆ ಬಂದಿರಲಿಲ್ಲ.

"ಎಂತ ಹೇಳುವುದು ಕೃಷ್ಣಪ್ಪಣ್ಣ? ಹಿಂದುಗಳ ಪೂಜೆಯಿಂದ ತೋಟೆ ಹಾಳಾಯ್ತು ಅಂತ ಒಬ್ಬ ಬ್ಯಾರಿ ಅರಬಿಗೆ ದೂರು ಕೊಟ್ಟ. ಹೀಗಲ್ವಾ ಆಗುವುದು? ಅದು ವಾಟ್ಸಾಪಿನಲ್ಲಿ ಊರು ಮುಟ್ಟುವಾಗ ಅದಕ್ಕೆ ಎಷ್ಟು ಕೈಕಾಲು ಬಂದಿರ್ತದೆ ಅಂತ ಅಂದಾಜು ಉಂಟಾ ನಿಮಗೆ? ಉಪ್ಪಿನಂಗಡಿಯಲ್ಲಿ ನನ್ನ ತಮ್ಮನ ಅಂಗಡಿ ಉಂಟು."

"ನಾನು ಹಾಗೆ ಹಬ್ಬಿಸ್ತೇನಾ?"

"ನೀವು ಹಬ್ಬಿಸುವುದು ಬೇಡ. ಅದಕ್ಕೆ ಬೇರೆ ಜನ ಉಂಟು, ಸಂಬಳವಿಲ್ಲದೆ ದುಡಿಯುವವರು." ರವೂಫ್ ಗೇರ್ ಬದಲಿಸಿದ. "ಮತ್ತೆ, ಹೂ ತಂದವನು ನಾನೇ ಅಲ್ವಾ? ನಾನೇ ಹೇಗೆ ಹೇಳುವುದು, ಮರ್ಯಾದೆ ಬೇಡ್ವಾ?"

ಇಳಿಯುವಾಗ ಅವನು ಎಂದಿನಂತೆ "ನಾಳೆ ಸಿಗುವ" ಎಂದ. ನಾಳೆಗಳೆಷ್ಟು ಉಳಿದಿವೆಯೆಂದು ಹೇಳಲಿಲ್ಲ.

ವಿಲ್ಲಾವೊಂದನ್ನು ಹಲಗೆಗಳಿಂದ ಸೀಳಿ ಮಾಡಿದ ಒಂಟಿ ಕೋಣೆಯಲ್ಲಿ ಕೃಷ್ಣಪ್ಪನವರ ಹೆಂಡತಿ ಅಪ್ಪಿ ಮೀನಿಗೆ ಖಾರ ಹಚ್ಚುತ್ತಿದ್ದರು. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವರದು. ದಿನವಿಡೀ ಸುಳ್ಳು ಅಳುವನ್ನೂ ನಿಜದ ಅಳುವನ್ನೂ ಬೇರ್ಪಡಿಸುವ ಅಭ್ಯಾಸದಿಂದ ಅವರು ಗಂಡನ ಮುಖವನ್ನು ಒಂದು ನೋಟಕ್ಕೇ ಓದಿ ಮುಗಿಸಿದರು. ಕೃಷ್ಣಪ್ಪನವರು ಎಲ್ಲವನ್ನೂ ಹೇಳಿದರು.

"ಕೇಪಿಗೆ ಎಂತಕ್ಕೆ ನೀರು? ಅದೆಂತ ತುಳಸಿ ಗಿಡವಾ, ಚಿಗುರಲಿಕ್ಕೆ?"

"ಭಕ್ತಿಯಿಂದ ಮಾಡಿದ್ದು."

"ಭಕ್ತಿ ಅಂತೆ! ಕಳೆದ ವರ್ಷ ಮಿಕ್ಸಿಗೆ ಅರಿಶಿನ ನೀರು ಕುಡಿಸಿ ಕೊಂದದ್ದು ಯಾರು? ಆವಾಗಲೂ ಭಕ್ತಿಯೇ." ಅಪ್ಪಿ ಕೈ ತೊಳೆದುಕೊಂಡು ಅವರೆದುರು ಬಂದು ನಿಂತರು. "ದೇವರು ನಿಮ್ಮ ಹತ್ತಿರ ಕೇಪು ತೊಳೆದು ಕೊಡಿ ಅಂತ ಕೇಳಿದ್ನಾ? ನಿಮಗೆ ನೀವು ಕೂಡಿಸಿದ್ದು ಹುಸಿ ಹೋಗುವುದಿಲ್ಲ ಅಂತ ಇನ್ನೊಂದು ಸಲ ಹೇಳಿಕೊಳ್ಳಬೇಕಿತ್ತು, ಅಷ್ಟೆ. ಆ ಹುಡುಗನ ಹೊಟ್ಟೆಗೆ ಕಲ್ಲು ಹಾಕಿ ಬಂದು ಇಲ್ಲಿ ಊಟಕ್ಕೆ ಕೂತುಕೊಳ್ಳಬೇಡಿ ನೀವು."

ಕೃಷ್ಣಪ್ಪನವರು ಊಟಕ್ಕೆ ಕೂರಲಿಲ್ಲ. ಮೀನು ಮಾತ್ರ ತುಂಬ ಚೆನ್ನಾಗಿತ್ತೆಂದು ಪಕ್ಕದ ಪಾರ್ಟಿಷನ್ನಿನವರು ಆಮೇಲೆ ಹೇಳಿದರು.

ಮರುದಿನ ಅವರು ಲಿಯೊನೆಲ್ ಸರ್ ಎದುರು ನಿಂತು ಹರಿವಾಣ, ಹೂವು, ತೀರ್ಥ, ಎಣ್ಣೆ ಎಲ್ಲವನ್ನೂ ಅನುಕ್ರಮವಾಗಿ ಒಪ್ಪಿಸಿದರು. ತಪ್ಪೊಪ್ಪಿಕೊಂಡವನ ಹೆಗಲ ಮೇಲೆ ಕೈಯಿಡುವ ಒಂದು ಸಂಪ್ರದಾಯವಿದೆಯೆಂದು ಅವರು ಎಣಿಸಿದ್ದರು. ಲಿಯೊನೆಲ್ ಸರ್ ಎದ್ದುಹೋಗಿ ಬಾಗಿಲು ಮುಚ್ಚಿದರು.

"ಯಾರಿಗೆಲ್ಲ ಹೇಳಿದ್ದೀರಿ?"

"ಹೆಂಡತಿಗೆ."

"ಅಲ್ಲಿಗೇ ನಿಲ್ಲಿಸಿ ಮಾರಾಯ್ರೆ! ಮದ್ದಿನ ಕೋಣೆಯಲ್ಲಿ ಪೂಜೆ ಆಯ್ತು ಅಂತ ಅರ್ಬಾಬರಿಗೆ ಗೊತ್ತಾದರೆ ಮೊದಲು ನನ್ನನ್ನು ಕೇಳುವುದಿಲ್ವಾ, ಮ್ಯಾನೇಜರ್ ಎಂತ ಮಾಡ್ತಾ ಇದ್ದ ಅಂತ?"

"ಪಂಚಕಜ್ಜಾಯ ತಿಂತಾ ಇದ್ರಿ," ಎಂದರು ಕೃಷ್ಣಪ್ಪನವರು. ಅದು ಚುಚ್ಚುಮಾತಾಗಿರಲಿಲ್ಲ, ಸತ್ಯ ಹೇಳಲು ಶುರು ಮಾಡಿದವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಕ್ಷಣ ತಿಳಿಯುವುದಿಲ್ಲ.

ಲಿಯೊನೆಲ್ ಸರ್ ಮುಖ ಕೆಂಪಾಯಿತು. "ನೋಡಿ, ಹಸಿ ಚಿಪ್ಪು ಅಂತ ನಾನು ಕಾರಣ ಕೊಟ್ಟಾಗಿದೆ. ಕೆಟ್ಟದ್ದು ಆ ಒಂದು ಪೆಟ್ಟಿಗೆ ಮಾತ್ರ. ಉಳಿದ ಪೆಟ್ಟಿಗೆಗಳು ಮುಂದಿನ ಶುಕ್ರವಾರ ಹೊರಗೆ ಹೋಗ್ತವೆ. ಖಲಾಸ್."

"ಅದೇ ಹರಿವಾಣದ ಕೇಪು ಸರ್, ಆ ಪೆಟ್ಟಿಗೆಗಳಲ್ಲಿ ಕೂಡ. ಎಣ್ಣೆ ಕುಡಿದ ಕೇಪನ್ನು ಸತ್ತಿದೆ ಅಂತಲೂ ನಂಬಲಿಕ್ಕಾಗುವುದಿಲ್ಲ, ಬದುಕಿದೆ ಅಂತಲೂ."

"ಒಂದು ಮಾತು ಹೇಳ್ಲಾ ಕೃಷ್ಣಪ್ಪ? ರವೂಫ್‌ಗೆ ಬೇರೆ ಕಡೆ ಕೆಲಸ ಸಿಗ್ತದೆ. ನಿಮ್ಮ ಪ್ರಾಯಕ್ಕೆ ಸಿಗ್ತದಾ?"

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಅದರ ತೊಂದರೆ. ಎರಡು ದಿನ ಕೃಷ್ಣಪ್ಪನವರು ಈ ಮಾತನ್ನು ನಾಲಗೆಯ ಕೆಳಗೆ ಇಟ್ಟುಕೊಂಡು ಓಡಾಡಿದರು. ರವೂಫ್ ಅಷ್ಟೂ ಹೊತ್ತು ಚಿಪ್ಪು ತೊಳೆದ. ಹೋಗುವವನೆಂದು ಕೆಲಸದಲ್ಲಿ ತಿಲಮಾತ್ರವೂ ಸಡಿಲ ಬಿಡಲಿಲ್ಲ. ತುಸುವಾದರೂ ಬಿಟ್ಟಿದ್ದರೆ ಕೃಷ್ಣಪ್ಪನವರಿಗೆ ಬಹಳ ಉಪಕಾರವಾಗುತ್ತಿತ್ತು.

ಬುಧವಾರ ತಮ್ಮ ಬೈಠಕ್ ಕೋಣೆಯಾದ ಮಜ್ಲಿಸ್‌ನಲ್ಲಿ ಅರ್ಬಾಬರು ಗಾವಾ ಕಾಫಿ ಕುಡಿಯುತ್ತಿದ್ದರು. ಲಿಯೊನೆಲ್ ಸರ್ "ವಾಷಿಂಗ್ ಸೆಕ್ಷನ್" ಎಂದು ಪೀಠಿಕೆ ಹಾಕುವಷ್ಟರಲ್ಲಿ, ಕರೆಯದೆ ಬಂದು ಬಾಗಿಲ ಬಳಿ ನಿಂತಿದ್ದ ಕೃಷ್ಣಪ್ಪನವರು ಚಪ್ಪಲಿ ಕಳಚಿ ಒಳಗೆ ಬಂದರು. ತಮ್ಮ ಅರೆಬರೆ ಹಿಂದಿಯಲ್ಲಿ, ನಡುನಡುವೆ ಅರಬಿಯ ಬೆಣೆ ಬಡಿಯುತ್ತ, ಹೇಳಿಬಿಟ್ಟರು.

ಅರ್ಬಾಬರಿಗೆ ಹಿಂದಿ ಇವರಿಗಿಂತ ಚೆನ್ನಾಗಿ ಬರುತ್ತಿತ್ತು. ಬಟ್ಟಲನ್ನು ಕೆಳಗಿಟ್ಟರು. "ಕೇಪಿನ ಮೇಲೆ ನೀರು ಹಾಕಿದೆ?"

"ಹೌದು ಅರ್ಬಾಬ್."

"ಎಣ್ಣೆ?"

"ಹೌದು. ತೆಂಗಿನದ್ದು."

"ಯಾಕೆ?"

"ಚೆನ್ನಾಗಿ ಹಾರಲಿ ಅಂತ."

ಅರ್ಬಾಬರು ಬಟ್ಟಲನ್ನು ಮತ್ತೆ ಎತ್ತಿ ಉಳಿದ ಗಾವಾ ಕುಡಿದು ಮುಗಿಸಿದರು. ಕೃಷ್ಣಪ್ಪನವರಿಗೆ ಆ ಹೊತ್ತಿನಲ್ಲಿ ವಿಮಾನ, ಕಾರ್ಕಳ, ಅಪ್ಪಿಯ ಶಾಲೆಯ ಬಸ್ಸು ಎಲ್ಲ ಕಂಡವು. ಕೊನೆಗೆ ಅರ್ಬಾಬರು ಹೇಳಿದರು: "ಪ್ರಾರ್ಥನೆಗೆ ನಾನು ಏನೂ ಹೇಳುವುದಿಲ್ಲ, ಅದು ನಿನ್ನದು. ಕೇಪು ನನ್ನದು. ಅದನ್ನು ಇನ್ನು ಮುಟ್ಟಬೇಡ." ಲಿಯೊನೆಲ್ ಕಡೆಗೆ ತಿರುಗಿದರು. "ಇವನ ಜೊತೆಯವನು, ತೊಳೆಯುವವನು, ಬೇಡ ಅಂದನಾ?"

ಲಿಯೊನೆಲ್ ಸರ್ ಕೈಯಲ್ಲಿದ್ದ ಕಾಗದಗಳನ್ನು ತಿರುವಿದರು.

"ಅಂದ," ಎಂದರು ಕೃಷ್ಣಪ್ಪನವರು. "ನಾನು ಕೇಳಲಿಲ್ಲ."

"ಹಾಗಾದರೆ ಕೇಪು ಅವನು ಕೂಡಿಸಲಿ. ನೀನು ತೊಳಿ. ಆ ಪೆಟ್ಟಿಗೆ ಒಂದೂ ಉಳಿಯಬಾರದು. ಯಲ್ಲಾ, ಹೊರಡಿ ಇನ್ನು."

ನಾಶಪಡಿಸುವ ಪರವಾನಗಿಯುಳ್ಳವರು ಬಂದು ಪೆಟ್ಟಿಗೆಗಳನ್ನೆಲ್ಲ ಕೊಂಡೊಯ್ದರು. ಕೆಟ್ಟ ತೋಟೆಗಳನ್ನು ಮೊದಲು ಎಣ್ಣೆಯಲ್ಲಿ ನೆನೆಹಾಕುತ್ತಾರಂತೆ. ಕೃಷ್ಣಪ್ಪನವರು ಆ ಕೆಲಸವನ್ನು ಭಾಗಶಃ ಮುಗಿಸಿಕೊಟ್ಟಿದ್ದರೂ ಅವರಿಗೆ ಯಾರೂ ಕೃತಜ್ಞತೆ ಹೇಳಲಿಲ್ಲ. ಲಿಯೊನೆಲ್ ಸರ್ ಈ ಅದಲುಬದಲಿಗೆ 'ಜಾಬ್ ರೊಟೇಶನ್' ಎಂದು ಹೆಸರಿಟ್ಟು, ತಮ್ಮದೇ ಬಹುದಿನದ ಕನಸೆಂದು ಮುಂದಿನ ಸಭೆಯಲ್ಲಿ ವಿವರಿಸಿದರು. ರವೂಫನ ವೀಸಾ ರಿನ್ಯೂ ಆಯಿತು.

ಈಗ ತೊಳೆಯುವ ಡ್ರಮ್ಮಿನ ಪಕ್ಕದ ಮೋಟು ಸ್ಟೂಲಿನ ಮೇಲೆ ಕೃಷ್ಣಪ್ಪನವರು ಕೂರುತ್ತಾರೆ. ಗೋಡೆಯಾಚೆ ಈಡು ಕೇಳಿದಾಗಲೆಲ್ಲ ಅವರ ಕೈ ಅರೆಗಳಿಗೆ ನಿಲ್ಲುತ್ತದೆ. ತಮ್ಮದಲ್ಲದ ಸದ್ದನ್ನು ಒಪ್ಪಿಕೊಳ್ಳಲು ಕಿವಿಗೆ ಅಷ್ಟು ಹೊತ್ತು ಬೇಕಾಗುತ್ತದೆ. ಒಂದು ಬೆಳಿಗ್ಗೆ ಅವರು ಒಣಗಿದ ಚಿಪ್ಪುಗಳ ಬುಟ್ಟಿಯನ್ನು ರವೂಫನ ಮೇಜಿಗೊಯ್ದರು. ರವೂಫ್ ಒಂದನ್ನೆತ್ತಿ ಬೆಳಕಿಗೆ ಹಿಡಿದ. ಒಳಗೆ ನೋಡಿದ. ಇನ್ನೊಂದು ಕಣ್ಣಿನಿಂದಲೂ ನೋಡಿದ.

"ಇದರಲ್ಲಿ ಸ್ವಲ್ಪ ಹಸಿ ಉಂಟು ಕೃಷ್ಣಪ್ಪಣ್ಣ."

"ಇಲ್ಲ ಮಾರಾಯ. ಅಷ್ಟು ಹೊತ್ತು ಒಣಗಿಸಿದ್ದೇನೆ."

"ಉಂಟು."

ಕೃಷ್ಣಪ್ಪನವರು ತಾವೂ ಒಂದು ಚಿಪ್ಪನ್ನೆತ್ತಿ ಬೆಳಕಿಗೆ ಹಿಡಿದರು. ಆಮೇಲೆ ಅವರು ಬುಟ್ಟಿಯನ್ನು ಎತ್ತಿಕೊಂಡು ಮತ್ತೆ ಒಣಗಿಸಲು ಹೋದರು.