ನಿಂತರೆ ನಾಲ್ಕು ತಿಂಗಳು

ಸಕ್ಕರೆ ಹಾಕಿಕೊಂಡವರು ಚಹಾ ಕಲಕುವುದು ಲೋಕರೂಢಿ. ಸಕ್ಕರೆಯನ್ನೇ ಹಾಕಿಕೊಳ್ಳದೆ, ಚಮಚವನ್ನು ಮಾತ್ರ ಕೇಳಿ ತರಿಸಿಕೊಂಡು, ಲೋಟದ ಅಂಚಿಗೆ ಎಲ್ಲೂ ತಾಗದ ಹಾಗೆ, ಒಂದೇ ವೇಗದಲ್ಲಿ, ಚಹಾ ಕೆನೆ ಕಟ್ಟಲು ಹವಣಿಸಿ ಸೋತು ತಣ್ಣಗಾಗುವವರೆಗೆ ಕಲಕುತ್ತಿದ್ದ ಮಹಾಪುರುಷರು ಅವರೊಬ್ಬರೇ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇದನ್ನು ಮೊದಲ ಸಲ ಕಂಡವರು, ಪಾಪ, ಯಾವುದೋ ಗಹನವಾದ ಚಿಂತನೆ ನಡೆದಿದೆಯೆಂದು ಹೆದರಿ ದೂರದ ಮೇಜಿಗೆ ಹೋಗಿ ಕೂರುತ್ತಿದ್ದರು. ಬಲ್ಲವರು ಪಕ್ಕದಲ್ಲೇ ಕೂತು ಅವರ ಪಾಲಿನ ಬಿಸ್ಕತ್ತನ್ನು ನಿಶ್ಚಿಂತೆಯಿಂದ ಮುಗಿಸುತ್ತಿದ್ದರು. ಕಲಕುವಾಗ ಆ ಕಣ್ಣಿಗೆ ಬೇರೇನೂ ಕಾಣುವುದಿಲ್ಲವೆಂಬುದು ಅವರ ಅನುಭವ.

‘ಕಡೆಗೋಲು’ ಎಂಬ ಬಿರುದು ಬಂದದ್ದು ಹೀಗೆ. ದಯಪಾಲಿಸಿದವರು ಅವರ ಹೆಂಡತಿಯ ಅಣ್ಣ, ಅದೇ ಕಾರ್ಖಾನೆಯ ಫಿಟ್ಟರ್. “ಸಕ್ಕರೆ ಇಲ್ಲದ್ದನ್ನ ಏನ್ ಕಲಕ್ತೀರಿ ಭಾವ, ಅಮೃತ ಬರುತ್ತಾ?” ಎಂದು ಅವರು ಕೇಳದ ದಿನವಿಲ್ಲ, “ಬಂದ್ರೆ ನಿಮಗೆ ಕೊಡಲ್ಲ ಭಾವ” ಎಂದು ಇವರು ಹೇಳದ ದಿನವಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದುದರಿಂದ, ಕ್ಯಾಂಟೀನಿನಲ್ಲಿ ಯಾರಾದರೂ ‘ಭಾವ’ ಎಂದು ಕೂಗಿದರೆ ಎರಡು ತಲೆ ಒಟ್ಟಿಗೆ ತಿರುಗುತ್ತಿದ್ದವು.

ಕಾರ್ಖಾನೆ ಸರಕಾರದ್ದು. ಸಮುದ್ರದಂಡೆಯ ಭಾರವಾದ ಮರಳನ್ನು ಅಗೆದು, ತೊಳೆದು, ಆಮ್ಲದಲ್ಲಿ ಕರಗಿಸಿ, ಅದರೊಳಗಿನ ಅಪರೂಪದ ಲೋಹಗಳನ್ನು ಒಂದೊಂದಾಗಿ ಬಿಡಿಸುವುದು ಅದರ ಕಸುಬು. ಈ ಲೋಹಗಳು ನಿಜಕ್ಕೆ ಅಂಥ ಅಪರೂಪದವೇನಲ್ಲ. ಅಪರೂಪವಾದದ್ದು ಅವು ಒಂದನ್ನೊಂದು ಬಿಟ್ಟಿರುವುದು. ಅವಳಿ ಮಕ್ಕಳಂತೆ ಒಂದೇ ಗುಣ, ಒಂದೇ ನಡತೆ. ಅವುಗಳನ್ನು ಅಗಲಿಸುವ ಕಠೋರ ಕಾರ್ಯ ನಡೆಯುತ್ತಿದ್ದದ್ದು ಒಂದು ಉದ್ದನೆಯ ಹಜಾರದಲ್ಲಿ. ಅಲ್ಲಿ ನೂರಾರು ತೊಟ್ಟಿಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರಲ್ಲೂ ಕೆಳಗೆ ಲೋಹ ಕರಗಿದ ನೀರು, ಮೇಲೆ ಸೀಮೆಎಣ್ಣೆಯಂಥ ಎಣ್ಣೆ, ನಡುವೆ ತಿರುಗುವ ಕಲಕುರೆಕ್ಕೆ. ಕಲಕಿದಾಗ ಒಂದು ಲೋಹ ಕೂದಲೆಳೆಯಷ್ಟು ಹೆಚ್ಚಾಗಿ ಎಣ್ಣೆಗೆ ಒಲಿಯುತ್ತದೆ, ಇನ್ನೊಂದು ಅಷ್ಟೇ ಹೆಚ್ಚಾಗಿ ನೀರಿಗೆ. ಎಣ್ಣೆ ಆ ಕಡೆಯ ತೊಟ್ಟಿಗೆ, ನೀರು ಈ ಕಡೆಯ ತೊಟ್ಟಿಗೆ. ಮತ್ತೆ ಕಲಕು, ಮತ್ತೆ ದಾಟಿಸು. ಹೀಗೆ ಸಾಗಿ ಸಾಗಿ ಕೊನೆಗೆ ಸಾಲಿನ ಒಂದು ತುದಿಯಲ್ಲಿ ಎಳೆ ಹಸಿರು, ಇನ್ನೊಂದು ತುದಿಯಲ್ಲಿ ತಿಳಿ ನೇರಳೆ. ನಡುವಿನ ತೊಟ್ಟಿಗಳದು ಯಾವ ಕಡೆಗೂ ಸೇರದ ಕೆಸರು ಬಣ್ಣ. ದೇವದಾನವರು ಒಮ್ಮೆ ಕಡೆದು ಕೈತೊಳೆದುಕೊಂಡರು. ನಮ್ಮ ಕಡೆಗೋಲು ಮಹಾಶಯರು ಆ ಹಜಾರದ ಮೇಲ್ವಿಚಾರಕರಾಗಿ ಹಗಲಿರುಳೆನ್ನದೆ ವರ್ಷಗಟ್ಟಲೆ ಕಡೆಸಿದರು.

ಆ ಹಜಾರ ಅವರನ್ನು ತನಗೆ ಬೇಕಾದ ಹಾಗೆ ತಿದ್ದಿಕೊಂಡಿತ್ತು. ನಾಲ್ಕು ಹೆಜ್ಜೆಗೊಂದು ತೊಟ್ಟಿ ಇದ್ದುದರಿಂದ ಅವರು ನಾಲ್ಕು ಹೆಜ್ಜೆ ನಡೆದು, ನಿಂತು, ಮೋಟಾರಿನ ಸದ್ದಿಗೆ ಬಲಗಿವಿ ವಾಲಿಸಿ, ಮತ್ತೆ ನಾಲ್ಕು ಹೆಜ್ಜೆ ಇಡುತ್ತಿದ್ದರು. ಬೀದಿಯಲ್ಲೂ ಅದೇ ನಡಿಗೆ. ಪ್ರತಿ ಮನೆಯ ಬಾಗಿಲ ಮುಂದೆ ನಿಂತು ಕಿವಿ ವಾಲಿಸುವ ಈ ಸಭ್ಯಸ್ಥರ ಭಯದಿಂದ ಆ ಬೀದಿಯ ಗಂಡಹೆಂಡಿರು ಜಗಳವನ್ನು ಪಿಸುಮಾತಿನಲ್ಲೇ ಆಡಿ ಮುಗಿಸುವುದನ್ನು ಕಲಿತರು. ಕಂಪನಿ ಕೊಟ್ಟ ಖಾಕಿ ಕೋಟಿನ ತೋಳುಗಳಲ್ಲಿ ಆಮ್ಲ ತಿಂದ ತೂತುಗಳು; ಅವನ್ನು ಹೆಂಡತಿ ಮನೆಯಲ್ಲಿ ಸಿಕ್ಕ ಸಿಕ್ಕ ಬಣ್ಣದ ದಾರದಿಂದ ಹೊಲಿದು ಹೊಲಿದು, ಕೋಟು ದೂರದಿಂದ ಯಾವುದೋ ಸಂಸ್ಥಾನದ ಪದಕಗಳನ್ನು ತೋಳಿಗೆ ಅಂಟಿಸಿಕೊಂಡಂತೆ ಕಾಣುತ್ತಿತ್ತು. ಅದರ ಸೀಮೆಎಣ್ಣೆಯ ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಬೆಂಕಿಪೊಟ್ಟಣವನ್ನು ಮೆಲ್ಲನೆ ಜೇಬಿನಾಳಕ್ಕೆ ಇಳಿಸುತ್ತಿದ್ದರು.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಒಂದೇ: “ನಿಂತ್ರೆ ನಾಲ್ಕು ತಿಂಗಳು.” ಕಲಕುವುದು ನಿಂತರೆ ಸಾಲಿನುದ್ದಕ್ಕೂ ಬಿಡಿಸಿಟ್ಟದ್ದೆಲ್ಲ ಮತ್ತೆ ಬೆರೆತುಹೋಗಿ, ಮೊದಲಿನಿಂದ ಶುರುಮಾಡಿದರೆ ಹದಕ್ಕೆ ಬರಲು ನಾಲ್ಕು ತಿಂಗಳು ಬೇಕೆಂಬುದು ಅದರ ಭಾವಾರ್ಥ. ಇದು ಅವರ ಗುರುಗಳಾದ ಹಳೆಯ ಮೇಲ್ವಿಚಾರಕರ ಉಪದೇಶ. ಶಿಷ್ಯರು ಅದನ್ನು ಹಜಾರದಾಚೆಗೂ ವಿಸ್ತರಿಸಿದರು. ಬಸ್ಸು ಕೆಟ್ಟು ನಿಂತರೆ, ಗೋಡೆ ಗಡಿಯಾರ ನಿಂತರೆ, ಕೊನೆಗೆ ಬಿಕ್ಕಳಿಕೆ ನಿಂತರೂ ಅದೇ ಮಾತು. ತಮ್ಮ ಮದುವೆಯ ದಿನ ಕರೆಂಟು ಹೋದದ್ದೇ ತಡ ಊಟದ ಪಂಕ್ತಿಯಿಂದೆದ್ದು, ಕಾರ್ಖಾನೆಯ ಜನರೇಟರ್ ಶುರುವಾಯಿತೋ ಇಲ್ಲವೋ ನೋಡಿ ಬರಲು ಅವರು ಹೋದದ್ದನ್ನೂ, ಹುಡುಕಿಕೊಂಡು ಬಂದ ಫಿಟ್ಟರ್ ಭಾವ “ಏಳಿ ಭಾವ, ಅಲ್ಲಿ ನನ್ನ ತಂಗಿ ನಿಂತಿದ್ದಾಳೆ, ಅದಕ್ಕೆಷ್ಟು ತಿಂಗಳು?” ಎಂದು ರಟ್ಟೆ ಹಿಡಿದು ಎಳೆತಂದದ್ದನ್ನೂ ಕಾರ್ಖಾನೆಯ ಕಾಲನಿಯ ಪ್ರತಿ ಮನೆಯೂ ಬಲ್ಲದು. ಹೆಂಡತಿಯದು ಇನ್ನೊಂದು ಬಗೆಯ ಶಾಸ್ತ್ರ. ಹೆಪ್ಪು ಹಾಕಿಟ್ಟ ಹಾಲಿಗೂ ಇವರು ಚಮಚ ಹಿಡಿದು ಹೊರಟಾಗ ಆಕೆ ಪಾತ್ರೆಯನ್ನು ಅಡ್ಡ ಸರಿಸಿಕೊಂಡು ಹೇಳುತ್ತಿದ್ದರು: “ರೀ, ಕೈ ತೆಗೀರಿ. ಕೆಲವನ್ನ ಸುಮ್ಮನೆ ಬಿಟ್ರೇ ಸರಿಹೋಗೋದು.”

ಹೀಗೆ ನಗುನಗುತ್ತ ಹೋಗಬಹುದಾಗಿದ್ದ ಕಥೆಗೆ ಮುಷ್ಕರ ಬಂತು.

ಮರಳಿನ ಚೀಲ ಹೊರುತ್ತಿದ್ದವರು ಗುತ್ತಿಗೆಯ ಹಮಾಲರು. ಆ ಮರಳಿಗೆ ಅಷ್ಟಿಷ್ಟು ವಿಕಿರಣದ ಸೋಂಕು ಇರುವುದರಿಂದ, ಖಾಯಂ ನೌಕರರೆಲ್ಲರ ಎದೆಯ ಮೇಲೆ ಒಂದು ಸಣ್ಣ ಬ್ಯಾಡ್ಜು ಇರುತ್ತಿತ್ತು. ಮೈಗೆ ಎಷ್ಟು ತಗಲಿತೆಂದು ಅದನ್ನು ನೋಡಿ ಹೇಳುತ್ತಿದ್ದರು, ಮಿತಿ ಮೀರಿದರೆ ಕೆಲಸ ಬದಲಿಸುತ್ತಿದ್ದರು. ಮರಳನ್ನು ಕಚೇರಿಯ ಕಿಟಕಿಯಿಂದ ನೋಡುವ ಗುಮಾಸ್ತರಿಗೂ ಬ್ಯಾಡ್ಜು ಇತ್ತು. ಬೆನ್ನ ಮೇಲೆ ಹೊರುವವರಿಗೆ ಇರಲಿಲ್ಲ. ಅವರಿಗೂ ಕೊಡಿ, ವೈದ್ಯರಿಂದ ತಪಾಸಣೆ ಮಾಡಿಸಿ ಎಂದು ಕೇಳಿ ಕೇಳಿ ಸಾಕಾಗಿ ಫಿಟ್ಟರ್ ಭಾವ ತಾವು ಮುಂದಾಳಾಗಿದ್ದ ಕಾರ್ಮಿಕ ಸಂಘವನ್ನು ಮುಷ್ಕರಕ್ಕೆ ಇಳಿಸಿದರು. ಮುಷ್ಕರದ ಹಿಂದಿನ ಸಂಜೆ ತಂಗಿಯ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

“ಭಾವ, ಒಂದು ವಾರ ತೊಟ್ಟಿ ನಿಲ್ಲಿಸಿ. ಸಾಕು.”

“ನಿಂತ್ರೆ ನಾಲ್ಕು ತಿಂಗಳು, ಭಾವ.”

“ಅದಕ್ಕೇ ಹೇಳ್ತಿರೋದು. ಆ ನಾಲ್ಕು ತಿಂಗಳ ಭಯ ಮೇಲಿನವರಿಗೆ ಹತ್ತಿಸಿದ್ದೇ ನೀವು. ತೊಟ್ಟಿ ನಿಂತ್ವು ಅಂದ ತಕ್ಷಣ ಓಡಿ ಬಂದು ಬ್ಯಾಡ್ಜು ಕೊಟ್ಟು ಹೋಗ್ತಾರೆ.”

“ಬೇರೆ ಏನನ್ನಾದ್ರೂ ನಿಲ್ಸಿ. ಲಾರಿ ನಿಲ್ಸಿ. ಕ್ಯಾಂಟೀನ್ ನಿಲ್ಸಿ, ನಾನೇ ಬಂದು ಬೀಗ ಹಾಕ್ತೀನಿ.”

“ಕ್ಯಾಂಟೀನ್ ಮುಚ್ಚಿದ್ರೆ ಎಲ್ಲರ ಹೊಟ್ಟೆನೂ ಸರಿಹೋಗುತ್ತೆ, ಅಷ್ಟೆ.” ಫಿಟ್ಟರ್ ಭಾವ ನಗಲಿಲ್ಲ. “ನಿಮ್ಮ ಎದೆ ಮೇಲೆ ಇದೆಯಲ್ಲ, ಅದೇ ಬ್ಯಾಡ್ಜು ಕೇಳ್ತಿರೋದು. ಒಂದು ಸಲ ಕೈ ನಿಲ್ಲಿಸಿ ಭಾವ.”

ಕಡೆಗೋಲು ಮುಂದಿದ್ದ ಲೋಟದಲ್ಲಿ ಚಮಚ ತಿರುಗಿಸುತ್ತಲೇ ಇದ್ದರು. ಒಳಗಿನಿಂದ ಹೆಂಡತಿ, “ಅಣ್ಣ, ಊಟಕ್ಕೆ ಏಳು. ರೀ, ನೀವೂ” ಎಂದರು. ಅಣ್ಣ ಎದ್ದರು, ಆದರೆ ಚಪ್ಪಲಿ ಮೆಟ್ಟಲು.

ಮುಷ್ಕರದ ಮೊದಲ ಬೆಳಿಗ್ಗೆ ಕಡೆಗೋಲು ಯಾರಿಗೂ ಮುಖ ಕೊಡದೆ ಗೇಟು ದಾಟಿ ಒಳಗೆ ಹೋದರು. ಮತ್ತೆ ಹೊರಗೆ ಬಂದದ್ದು ಮುಷ್ಕರ ಮುರಿದ ಮೇಲೆಯೇ. ಅಲ್ಲಿಯವರೆಗೂ ನಾಲ್ಕಾರು ಅಧಿಕಾರಿಗಳನ್ನು ಹಿಡಿದು, ಜನ್ಮದಲ್ಲಿ ಪೆನ್ನಿಗಿಂತ ಭಾರವಾದದ್ದನ್ನು ಎತ್ತದ ಆ ಕೈಗಳಿಂದ ಎಣ್ಣೆಯ ಡಬ್ಬ ಎತ್ತಿಸಿ, ತಾವು ತೊಟ್ಟಿಗಳ ನಡುವೆಯೇ ಕೋಟು ಹಾಸಿ ಮಲಗಿ, ಒಂದೇ ಒಂದು ರೆಕ್ಕೆಯೂ ನಿಲ್ಲದಂತೆ ನೋಡಿಕೊಂಡರು. ಹೆಂಡತಿ ದಿನವೂ ಊಟದ ಡಬ್ಬಿ ತಂದು ಗೇಟಿನಲ್ಲಿ ನಿಲ್ಲುತ್ತಿದ್ದರು. ಒಳಗೆ ಹುಲ್ಲುಕಡ್ಡಿಯನ್ನೂ ಬಿಡದ ಮುಷ್ಕರದವರು ಆ ಡಬ್ಬಿಯನ್ನು ಮಾತ್ರ ಬಿಟ್ಟರು. ಬಿಡಿ ಎಂದು ಹೇಳಿದವರು ಫಿಟ್ಟರ್ ಭಾವ. ಎರಡನೆಯ ವಾರ, ತೊಟ್ಟಿ ನಿಲ್ಲುವ ಭಯವಿಲ್ಲವೆಂದು ಖಾತ್ರಿಯಾದ ಕಂಪನಿ ಮಾತುಕತೆಯ ಬಾಗಿಲು ಹಾಕಿತು. ಗುತ್ತಿಗೆದಾರ ಹಳೆಯ ಹಮಾಲರನ್ನು ಬಿಡಿಸಿ ಹೊಸಬರನ್ನು ತಂದ. ಬ್ಯಾಡ್ಜು ಯಾರಿಗೂ ಬರಲಿಲ್ಲ. ಫಿಟ್ಟರ್ ಭಾವನಿಗೆ ದೂರದ ಮರಳುದಂಡೆಗೆ ವರ್ಗವಾಯಿತು. ಕಡೆಗೋಲಿಗೆ ಒಂದು ಶಾಲು, ಒಂದು ಪ್ರಶಂಸಾಪತ್ರ. ಶಾಲನ್ನು ಅವರು ಒಮ್ಮೆಯೂ ಹೊದೆಯಲಿಲ್ಲ.

ಭಾವಂದಿರ ನಡುವೆ ಅಂದು ನಿಂತ ಮಾತು ವರ್ಷಗಳಾದರೂ ಹೊರಡಲಿಲ್ಲ. ಅಣ್ಣ ತಂಗಿಯನ್ನು ನೋಡಲು ಬರುತ್ತಿದ್ದರು, ಆದರೆ ಭಾವ ಕೆಲಸದಲ್ಲಿರುವ ಹೊತ್ತು ನೋಡಿಕೊಂಡು. ಸಂಜೆ ಮನೆಗೆ ಬಂದ ಕಡೆಗೋಲು ತೊಳೆದು ಬೋರಲು ಹಾಕಿದ ಇನ್ನೊಂದು ಲೋಟವನ್ನು ನೋಡುತ್ತಿದ್ದರು, “ಭಾವ ಬಂದಿದ್ರಾ?” ಎಂದು ಕೇಳುತ್ತಿದ್ದರು, “ಹ್ಞೂಂ” ಎಂದು ಆಕೆ ಹೇಳುತ್ತಿದ್ದರು. ಸಾಲಿನ ನಡುವಿನ ತೊಟ್ಟಿಯಂತೆ ಆಕೆ ಯಾವ ಬಣ್ಣಕ್ಕೂ ಸೇರದೆ ಉಳಿದರು. ಕ್ಯಾಂಟೀನಿನಲ್ಲಿ ಅಮೃತದ ಸುದ್ದಿ ಎತ್ತುವವರು ಯಾರೂ ಇರಲಿಲ್ಲ. ಕಡೆಗೋಲು ತಮಗೆ ತಾವೇ ಹೇಳಿಕೊಳ್ಳುತ್ತಿದ್ದ ಸಮಾಧಾನ ಒಂದೇ: ನಾಲ್ಕು ತಿಂಗಳು ಉಳಿಯಿತು.

ಆಮೇಲೆ ಒಂದು ದಿನ, ಹೊರದೇಶದ ಮಾಲು ಅಗ್ಗಕ್ಕೆ ಸಿಗುತ್ತಿರುವಾಗ ಇಷ್ಟೆಲ್ಲ ಕಡೆಯುವುದೇಕೆ ಎಂಬ ಜ್ಞಾನೋದಯ ಕೇಂದ್ರ ಕಚೇರಿಗೆ ಆಯಿತು. ಒಂದು ದೂರವಾಣಿ ಕರೆ. ಮುಷ್ಕರಕ್ಕೆ ಬಗ್ಗದ ಹಜಾರ ಮಧ್ಯಾಹ್ನದ ಊಟಕ್ಕೆ ಮುಂಚೆ ನಿಂತುಹೋಯಿತು. ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿದವರು ಕಡೆಗೋಲೇ. ಪ್ರತಿ ತೊಟ್ಟಿಯ ಮುಂದೆ ನಿಂತು, ಆರಿಸಿ, ಅಭ್ಯಾಸಬಲದಿಂದ ಕಿವಿ ವಾಲಿಸಿ, ಏನೂ ಕೇಳಿಸದೆ ಮುಂದೆ ಹೋದರು. ಅವರನ್ನು ಉಗ್ರಾಣದ ಉಸ್ತುವಾರಿಗೆ ಕೂರಿಸಲಾಯಿತು.

ಒಂದು ವರ್ಷ ಕಳೆಯಿತು. ಹೊರದೇಶದವರು ಮಾಲು ಕೊಡುವುದನ್ನು ನಿಲ್ಲಿಸಿದರು. ಕೇಂದ್ರ ಕಚೇರಿಗೆ ಇನ್ನೊಂದು ಜ್ಞಾನೋದಯ. ಹಜಾರಕ್ಕೆ ಹೊಸ ಎಂಜಿನಿಯರಮ್ಮ ಬಂದರು. ಕಡೆಗೋಲನ್ನು ಉಗ್ರಾಣದಿಂದ ಗೌರವದಿಂದ ಕರೆತಂದು, ಪ್ರತಿ ತೊಟ್ಟಿಯಿಂದ ಮಾದರಿ ತೆಗೆಸಿ ಪರೀಕ್ಷೆ ಮಾಡಿಸಿದರು.

“ಸರ್, ತುಂಬ ಚೆನ್ನಾಗಿ ಬಿಟ್ಟುಹೋಗಿದ್ದೀರಿ. ಒಂದು ವಾರದಲ್ಲಿ ಮಾಲು ತೆಗೀಬಹುದು.”

“ನಾಲ್ಕು ತಿಂಗಳಮ್ಮ. ನಿಂತಿದೆ.”

“ನಿಂತ್ರೆ ಏನು ಸರ್? ಎಣ್ಣೆ ಮೇಲೆ ನಿಲ್ಲುತ್ತೆ, ನೀರು ಕೆಳಗೆ. ಯಾವ ತೊಟ್ಟೀದು ಆ ತೊಟ್ಟೀಲೇ ಇರುತ್ತೆ. ಎಲ್ಲಿಗೆ ಹೋಗುತ್ತೆ?”

“ನಮ್ಮ ಹಳೇ ಸಾಹೇಬರು ಹೇಳಿದ್ರು...”

“ಅವರ ಕಾಲದ ತೊಟ್ಟಿಗಳು ಸೋರ್ತಿದ್ವೇನೋ ಸರ್. ಒಂದರದ್ದು ಒಂದಕ್ಕೆ ಇಳಿದಿರುತ್ತೆ. ಇವು ಸೋರಲ್ಲ. ನೀವು ಯಾವಾಗಲಾದ್ರೂ ನಿಲ್ಲಿಸಿ ನೋಡಿದ್ರಾ?”

ಆಕೆ ಕೊಂಕಿಲ್ಲದೆ, ನಿಜವಾಗಿಯೂ ತಿಳಿಯಲೆಂದೇ ಕೇಳಿದ ಪ್ರಶ್ನೆ ಅದು. ಕಡೆಗೋಲು ಸಾಲಿನ ಒಂದು ತುದಿಗೆ ಹೋಗಿ ಮುಚ್ಚಳ ಎತ್ತಿದರು: ಎಳೆ ಹಸಿರು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವುದನ್ನೂ ಮರೆತು ಇನ್ನೊಂದು ತುದಿಗೆ ನಡೆದು ಮುಚ್ಚಳ ಎತ್ತಿದರು: ತಿಳಿ ನೇರಳೆ. ಹಳೆಯ ತೊಟ್ಟಿಗಳು ಹೋಗಿ ಹೊಸವು ಬಂದರೂ ಹಳೆಯ ಮಾತು ಮಾತ್ರ ಕುರ್ಚಿ ಬಿಟ್ಟಿರಲಿಲ್ಲ. ಎಂದೂ ನಿಲ್ಲಿಸದೆ ಇದ್ದುದರಿಂದ, ನಿಲ್ಲಿಸಿದರೆ ಏನಾಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಅಂದು ಒಂದು ವಾರ ಕೈ ತೆಗೆದಿದ್ದರೆ ಕಂಪನಿ ಹೆದರಿ ಬ್ಯಾಡ್ಜು ಕೊಡುತ್ತಿತ್ತು. ತೊಟ್ಟಿಯೊಳಗೆ ಒಂದು ಹನಿಯೂ ಅದಲುಬದಲಾಗುತ್ತಿರಲಿಲ್ಲ. ಭಾವನೂ ಉಳಿಯುತ್ತಿದ್ದರು, ಬಣ್ಣವೂ ಉಳಿಯುತ್ತಿತ್ತು. ಹಜಾರದಲ್ಲಿ ಮೋಟಾರುಗಳು ಮತ್ತೆ ಗುಂಯ್‌ಗುಟ್ಟತೊಡಗಿದಾಗ ಅವರು ಕಿವಿ ವಾಲಿಸಲಿಲ್ಲ.

ಬಂದ ಮೊದಲ ರಜೆಗೇ ಬಸ್ಸು ಹತ್ತಿ ಮರಳುದಂಡೆಗೆ ಹೋದರು. ಫಿಟ್ಟರ್ ಭಾವ ನಿವೃತ್ತರಾಗಿ ಮಗ ಸೊಸೆಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಬಾಗಿಲಲ್ಲಿ ಕೋಟು ಕಂಡು ಬೆಂಚಿನ ಮೇಲಿದ್ದ ಬಟ್ಟೆ ಸರಿಸಿದರು. ಕಡೆಗೋಲು ಕೂತು, ಪಾಠ ಒಪ್ಪಿಸುವವರ ಹಾಗೆ, ಸೋರುವ ತೊಟ್ಟಿ, ಸೋರದ ತೊಟ್ಟಿ, ಹಸಿರು, ನೇರಳೆ ಎಲ್ಲ ಹೇಳಿದರು.

“ಅಂದ್ರೆ ನಿಲ್ಲಿಸಬಹುದಿತ್ತು,” ಎಂದರು ಫಿಟ್ಟರ್ ಭಾವ.

“ನಿಲ್ಲಿಸಬಹುದಿತ್ತು, ಭಾವ.”

“ನನಗೆ ಹೇಳಿ ಏನುಪಯೋಗ? ನಾನು ಖಾಯಂ. ನನಗೆ ಬ್ಯಾಡ್ಜು ಇತ್ತು. ಚೀಲ ಹೊತ್ತವರಿಗೆ ಹೇಳಿ ಹೋಗಿ.”

“ಎಲ್ಲಿದ್ದಾರೆ ಅವರು?”

“ಅದೇ.”

ಒಳಗೆ ಸೊಸೆ ಪಾತ್ರೆ ಇಟ್ಟ ಸದ್ದಾಯಿತು. ಈ ಅತಿಥಿಯನ್ನು ಎಂದೂ ಕಂಡಿರದ ಆಕೆ ಎಲ್ಲರಿಗೆ ಮಾಡುವಂತೆಯೇ ಧಾರಾಳವಾಗಿ ಸಕ್ಕರೆ ಹಾಕಿದ ಚಹಾ ತಂದು, ಚಮಚವನ್ನೂ ಇಟ್ಟು ಹೋದರು. ಕಡೆಗೋಲು ಲೋಟವನ್ನು ಎರಡು ಕೈಯಲ್ಲಿ ಹಿಡಿದು ಸುಮ್ಮನೆ ಕೂತರು. ಚಹಾ ಹಬೆಯಾಡಿತು, ಹಬೆ ತೆಳುವಾಯಿತು, ಮೇಲೆ ಕೆನೆ ಕಟ್ಟಿತು. ಫಿಟ್ಟರ್ ಭಾವ ಬಹಳ ಹೊತ್ತು ಆ ಕೈಗಳನ್ನೇ ನೋಡಿದರು. ಆಮೇಲೆ ಚಮಚವನ್ನು ಮುಂದೆ ತಳ್ಳಿದರು.

“ಕಲಕಿ, ಭಾವ. ಈ ಸಲ ಸಕ್ಕರೆ ಇದೆ.”

ಇಬ್ಬರೂ ನಗಲಿಲ್ಲ, ಅಳಲೂ ಇಲ್ಲ. ಆಮೇಲೆ ಹೋಗಿಬರುವುದು ಶುರುವಾಯಿತು; ತಂಗಿಯ ಮನೆಯಲ್ಲಿ ಎರಡು ಲೋಟಗಳು ಒಟ್ಟಿಗೆ ಬೋರಲು ಬಿದ್ದವು. ಆದರೆ ಭಾವಂದಿರಿಬ್ಬರೂ ಕೂತಾಗ ನಡುವೆ ಒಂದು ಮೌನ ಬಂದು ಕೂರುತ್ತಿತ್ತು. ಅದರಲ್ಲಿ ಬೆನ್ನ ಮೇಲೆ ಚೀಲ ಹೊತ್ತ ಕೆಲವರು ಸಾಲಾಗಿ ದಾಟಿ ಹೋಗುವುದು ಇಬ್ಬರಿಗೂ ಕಾಣುತ್ತಿತ್ತು. ಅವರ ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ.

ಇಂಥವರು ಎಲ್ಲ ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ, ಎಷ್ಟೋ ಮನೆಗಳಲ್ಲೂ ಇರುತ್ತಾರೆ. ಅವರದು ಧಣಿಗಳ ಪಕ್ಷವಲ್ಲ, ದುಡಿಯುವವರ ಪಕ್ಷವೂ ಅಲ್ಲ. ತಮ್ಮ ಕೈಗೆ ಒಮ್ಮೆ ಯಾರೋ ಒಪ್ಪಿಸಿಹೋದದ್ದರ ಪಕ್ಷ. ಅವರಲ್ಲಿ ಕಪಟವಿಲ್ಲ, ಲಾಭದಾಸೆಯಿಲ್ಲ, ಆಯಾಸವಂತೂ ಇಲ್ಲವೇ ಇಲ್ಲ. ಲೋಕ ನಿಲ್ಲದೆ ನಡೆಯುತ್ತಿರುವುದು ಅವರಿಂದಲೇ ಎಂದು ಹೊಗಳಿ ನಾವು ಅವರಿಗೆ ಶಾಲು ಹೊದಿಸುತ್ತೇವೆ; ಹೊಗಳಿಕೆ ಸುಳ್ಳೂ ಅಲ್ಲ. ಆದರೆ ಒಂದು ದಿನ ನಿಲ್ಲಿಸಿ ನೋಡಬಹುದಿತ್ತೆಂದು ಅವರಿಗೆ ತಿಳಿಯುವ ಹೊತ್ತಿಗೆ, ಯಾರಿಗಾಗಿ ನಿಲ್ಲಿಸಬೇಕಿತ್ತೋ ಅವರು ಗೇಟಿನ ಮುಂದಿನಿಂದ ಎದ್ದು, ಧೂಳು ಕೊಡವಿಕೊಂಡು, ಹೋಗಿಬಿಟ್ಟಿರುತ್ತಾರೆ.