ಸೇದುವವರಿಗೆ ಮಾತ್ರ

“ಬಂದ್ರು ನೋಡ್ರಪ್ಪಾ, ಕಫದ ವಿಜ್ಞಾನಿಗಳು! ಎಲ್ರೂ ಮೂಗು ಮುಚ್ಕೊಳ್ಳಿ!”

ದೊಡ್ಡ ಡಾಕ್ಟರು ಆಸ್ಪತ್ರೆಯ ತುಂಬಿದ ಸಭೆಯಲ್ಲಿ ಹಾಗಂದರು. ಸಭೆ ಗೊಳ್ಳೆಂದು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಚಿಕ್ಕೋನ ಕೈಯಲ್ಲಿ ಡಬ್ಬಿಗಳ ತಟ್ಟೆ ಇತ್ತು. ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಆಳುಗಳು ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ಕೊಟ್ಟ ಕಫ ಅವುಗಳಲ್ಲಿತ್ತು. ಒಂದು ಡಬ್ಬಿ ಅವನ ಸ್ವಂತ ಅಣ್ಣನದು. ಅದರಲ್ಲಿ ಕೆಂಪು ಗೆರೆ ಕಂಡಿತ್ತು.

ಅಣ್ಣ ಧೂಳು ಕುಡಿದು ದುಡಿದ. ಆ ದುಡಿಮೆಯಲ್ಲಿ ಚಿಕ್ಕೋನು ಓದಿ, ಈ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಂಶೋಧನೆಗೆ ಸೇರಿದ. ಕೆಲಸ ಕಾಯಂ ಅಲ್ಲ. ಆಳುಗಳನ್ನೆಲ್ಲ ಸ್ಕ್ಯಾನ್ ಮಾಡಿಸಬೇಕು, ಕೈಯಲ್ಲಿ ಬಿಡಿಗಾಸಿಲ್ಲ. ಹೊಸ ಸಂಶೋಧಕರಿಗೆ ಅನುದಾನ ಅಂತ ಕೇಳಿದ ಕಡೆಯೆಲ್ಲ ಕೈಯೊಡ್ಡಿದ್ದ. “ಅನುಭವ ಸಾಲದು” ಅಂದರು. ಅನುದಾನ ಕೊಡದೆ ಅನುಭವ ಎಲ್ಲಿಂದ ಬರಬೇಕು, ಅವರಪ್ಪನ ಮನೆಯಿಂದಲೇ? ಕೊನೆಗೆ ಕೊಡುತ್ತೇನೆ ಅಂದವನು ಒಬ್ಬನೇ. ಅದೇ ಶೆಡ್ಡಿನ ಧಣಿ!

ಸಭೆ ಮುಗಿದ ಮೇಲೆ ದೊಡ್ಡ ಡಾಕ್ಟರು ಹೆಗಲ ಮೇಲೆ ಕೈ ಹಾಕಿದರು.

“ಯುವ ಸಂಶೋಧಕರ ನಿಧಿ ಪೂರ್ತಿ ನಿನಗೇ ಕಣಯ್ಯಾ, ನಾಳೆ ಸಾಯಂಕಾಲ ವೇದಿಕೆ ಮೇಲೆ ಧಣಿನೇ ಚೆಕ್ ಕೊಡ್ತಾರೆ. ಧಣಿದು ಒಂದೇ ಷರತ್ತು. ಸಿಗರೇಟು ಸೇದೋರನ್ನ ಮಾತ್ರ ಸ್ಕ್ಯಾನ್ ಮಾಡ್ಬೇಕು. ಸೇದದೋರು ಬೇಡ.”

“ಸಾರ್, ಅವರನ್ನ ಬಿಟ್ರೆ ಧೂಳಿನ ತಪ್ಪು ಗೊತ್ತಾಗೋದೇ ಇಲ್ವಲ್ಲ? ಎಲ್ಲಾ ಸಿಗರೇಟಿನ ತಲೆಗೇ ಬೀಳುತ್ತೆ.”

“ಜಾಣ! ಆ ಜಾಣತನ ಹೊಟ್ಟೇಲಿ ಇಟ್ಕೋ. ಇಲ್ಲಾಂದ್ರೆ ಇಲ್ಲಿಗೆ ಬರಬೇಡ.”

ಅಣ್ಣ ಹುಟ್ಟಿದಾಗಿನಿಂದ ಸಿಗರೇಟು ಮುಟ್ಟಿದವನಲ್ಲ.

ಸಂಜೆ ಶೆಡ್ಡಿನ ಗೇಟಿನಲ್ಲಿ ಅಣ್ಣ ಸಿಕ್ಕ. ರೆಪ್ಪೆಗೂದಲಿಗೆಲ್ಲ ಬಿಳಿ ಪುಡಿ.

“ದುಡ್ಡು ಬಂತೇನೋ?”

ಚಿಕ್ಕೋನು ಷರತ್ತು ಹೇಳಿದ.

“ಅಷ್ಟೇನಾ? ನಾಳೆಯಿಂದ ಸೇದ್ತೀನಿ ಬಿಡು!” ಅಣ್ಣ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಅವನನ್ನು ಗೋಡೆಗೆ ಒರಗಿಸಿತು.

“ತಮಾಷೆಗೂ ಹಾಗನ್ಬೇಡ ಅಣ್ಣ.”

ಮರುದಿನ ಚಿಕ್ಕೋನು ಗೇಟಿನ ಹತ್ತಿರ ಬಂದ. ಗೋಡೆಯುದ್ದಕ್ಕೂ ಆಳುಗಳು ಸಾಲಾಗಿ ನಿಂತಿದ್ದರು. ಎಲ್ಲರ ಬಾಯಲ್ಲೂ ಹೊಗೆ. ಎಳೆಯಲು ಬಾರದವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಷರತ್ತಿನ ಸುದ್ದಿ ಹರಡಿದ ಅಣ್ಣನೂ ಇದ್ದ. ಅಣ್ಣನ ಪಕ್ಕದಲ್ಲಿ, ಅದೇ ಶೆಡ್ಡಿನಲ್ಲಿ ದುಡಿಯುವ ಅತ್ತಿಗೆ!

“ಹೀಗೇ ತಾನೆ ಹಿಡಿಯೋದು? ಗಂಟಲು ಸುಡುತ್ತಪ್ಪಾ,” ಅಂದಳು ಅತ್ತಿಗೆ. “ಎಷ್ಟು ಸೇದಿದ್ರೆ ನನ್ನೂ ಮಿಷನ್ನಿಗೆ ಹಾಕ್ತೀರಿ?”

ಪರೀಕ್ಷೆ ಸಿಗಲಿ ಅಂತ ಈ ಜನ ರೋಗವನ್ನೇ ಕೊಂಡು ತಂದಿದ್ದರು.

ಕಾರೊಂದು ಬಂದು ನಿಂತಿತು. ಗಾಜು ಇಳಿಯಿತು. ಒಳಗೆ ಧಣಿ, ಪಕ್ಕದಲ್ಲಿ ದೊಡ್ಡ ಡಾಕ್ಟರು.

“ನಾನು ಹೇಳ್ಲಿಲ್ವಾ ಡಾಕ್ಟ್ರೇ? ಎಲ್ಲಾ ಚಟದ ನನ್ಮಕ್ಕಳು!” ಧಣಿ ಚಿಕ್ಕೋನ ಕಡೆ ತಿರುಗಿದ. “ಏನಯ್ಯಾ, ಸಾಯಂಕಾಲ ವೇದಿಕೆಗೆ ಬಂದು ಚೆಕ್ ತಗೋತೀಯ ತಾನೆ?”

ಹೂಂ ಅಂದರೆ ಅಣ್ಣನಿಗೆ ಈ ಹೊಗೆಯ ಹೆಸರಲ್ಲಿ ಸ್ಕ್ಯಾನು, ಧಣಿಯ ಧೂಳು ಪಾರು. ಊಹೂಂ ಅಂದರೆ ಅದೂ ಇಲ್ಲ, ತನಗೆ ಬೀದಿ.

“ಏಯ್, ನಿನ್ನನ್ನೇ ಕೇಳ್ತಿರೋದು! ಬಾಯಿ ಬಿದ್ದೋಯ್ತಾ?”

ಚಿಕ್ಕೋನು ಕಾರಿಗೆ ಬೆನ್ನು ತಿರುಗಿಸಿ ಸಾಲಿನ ಕಡೆ ನಡೆದ. ಅತ್ತಿಗೆಯ ಬೆರಳಿಂದ ಸಿಗರೇಟು ಕಿತ್ತು ಕಾಲಲ್ಲಿ ಹೊಸಕಿದ. ಆಮೇಲೆ ಅಣ್ಣನದು. ಆಮೇಲೆ ಅಣ್ಣನ ಪಕ್ಕದವನದು. ಅದರಾಚೆಯವನು ತನ್ನದನ್ನು ತಾನೇ ಕೆಳಗೆ ಹಾಕಿದ. ಹಿಂದೆ ಕಾರಿನ ಹಾರ್ನ್ ಬಡಿದುಕೊಳ್ಳುತ್ತಲೇ ಇತ್ತು. ಚಿಕ್ಕೋನು ಸಾಲಿನ ಮುಂದಿನವನತ್ತ ನಡೆದ.