ಹದಿನಾಲ್ಕನೇ ಮಹಡಿಯ ಹಾಸಿಗೆ

ಕುಕ್ಕರ್ ಕೊಳ್ಳಲು ಹೋದ ನಮ್ಮ ಮನೆಯವರು ಅಂಗಡಿಯವನು ಕೊಟ್ಟ ಚೀಟಿಯ ಮೇಲೆ ಹೆಸರು ಬರೆದು ಡಬ್ಬಿಗೆ ಹಾಕಿ ಬಂದಿದ್ದರು. ಜೀವಮಾನದಲ್ಲಿ ಅವರಿಗೆ ಬಂದ ಮೊದಲ ಬಹುಮಾನ ಅದು. ಊರಿನ ನಟ್ಟನಡುವೆ ಇರುವ ದೊಡ್ಡ ಹೋಟೆಲಿನಲ್ಲಿ ಇಬ್ಬರಿಗೆ ಮೂರು ರಾತ್ರಿಯ ವಾಸ. ಯಾವ ಊರು ಅಂತೀರಿ? ನಮ್ಮದೇ ಊರು. ಮನೆಗೆ ಬೀಗ ಹಾಕಿ, ಬಸ್ಸು ಹತ್ತಿ, ಇಪ್ಪತ್ತು ನಿಮಿಷದಲ್ಲಿ ಇಳಿದು, ಪರವೂರಿನವರ ಹಾಗೆ ಸೂಟ್‌ಕೇಸು ಎಳೆದುಕೊಂಡು ಒಳಗೆ ಹೋದೆವು. ಹದಿನಾಲ್ಕನೇ ಮಹಡಿಯ ಕಿಟಕಿಯಿಂದ ನಮ್ಮ ಬಡಾವಣೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಎಂಥಾ ನೋಟ ಅಂತ ಇವರು ಬೆರಗಾಗಿ ನಿಂತರು. ಮೂವತ್ತು ವರ್ಷ ಅದೇ ಟ್ಯಾಂಕಿನ ಬುಡದಲ್ಲಿ ಬದುಕಿದ ಮನುಷ್ಯ.

ನಾನು ದೊಡ್ಡಾಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ನರ್ಸ್ ಆಗಿದ್ದವಳು. ಅದರಲ್ಲಿ ಹದಿನೈದು ವರ್ಷ ವಾರ್ಡಿನ ಹೆಡ್ ಸಿಸ್ಟರ್. ಸುಮ್ಮನೆ ಕೂತು ಅಭ್ಯಾಸವಿಲ್ಲ. ಯಾರಾದರೂ ವಿನಾಕಾರಣ ನಕ್ಕರೆ ಇವನಿಗೆ ಎಲ್ಲಿ ನೋವು ಅಂತ ನೋಡುವ ಜಾತಿ ನನ್ನದು. ಆ ಹೋಟೆಲಿನಲ್ಲೋ, ಕಂಡಕಂಡವರೆಲ್ಲ ನಗುತ್ತಿದ್ದರು. ಬಾಗಿಲು ತೆಗೆಯುವವನು ನಕ್ಕ, ಪೆಟ್ಟಿಗೆ ಹೊರುವವನು ನಕ್ಕ, ಲಿಫ್ಟಿನೊಳಗಿನ ಕನ್ನಡಿಯಲ್ಲಿ ಇವರೂ ನಗಲು ಶುರುಮಾಡಿದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಎದೆಯ ಮೇಲೆ 'ಅತಿಥಿ ಅನುಭವ ಅಧಿಕಾರಿ' ಎಂಬ ಪಟ್ಟಿ ಸಿಕ್ಕಿಸಿಕೊಂಡಿದ್ದವನು. ನಾವಿನ್ನೂ ರೂಮಿನ ಮುಖ ನೋಡಿರಲಿಲ್ಲ, ಟ್ಯಾಬ್ ಹಿಡಿದುಕೊಂಡು ಬಂದ.

“ಮೇಡಂ, ನಮ್ಮಲ್ಲಿ ನಿಮ್ಮ ಅನುಭವ ಹೇಗಿದೆ?”

“ಈಗ ತಾನೇ ಒಳಗೆ ಕಾಲಿಟ್ಟಿದೀವಪ್ಪ.”

“ಇಲ್ಲೀವರೆಗೆ ಹೇಗಿದೆ ಮೇಡಂ?”

“ಬಾಗಿಲು ಚೆನ್ನಾಗಿದೆ.”

ಅವನು ಅದನ್ನೂ ಬರೆದುಕೊಂಡ.

ರೂಮು ನಮ್ಮ ಮನೆಯ ಅರ್ಧದಷ್ಟಿತ್ತು. ಹಾಸಿಗೆ ಆ ರೂಮಿನ ಅರ್ಧದಷ್ಟಿತ್ತು. ಅದರ ಮೇಲೆ ಆರು ದಿಂಬುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಇಬ್ಬರಿಗೆ ಆರು ಯಾಕೆ ಅಂತ ಇವರನ್ನು ಕೇಳಿದರೆ, “ಉಳಿದಿದ್ದು ನೆಂಟರು ಬಂದ್ರೆ ಇರಲಿ ಅಂತ ಇರ್ಬೇಕು” ಅಂದರು. ಚಾದರ ಬೆಳ್ಳಗೆ ಹೊಳೆಯುತ್ತಿತ್ತು, ನಿಜ. ಆದರೆ ಮೂಲೆ ನೋಡಿದೆ. ಮಡಿಕೆ ಸಡಿಲ, ಅಂಚು ಜೋತು ಬಿದ್ದಿತ್ತು. ನನ್ನ ವಾರ್ಡಿನಲ್ಲಿ ಅಂಥ ಮೂಲೆ ಹಾಕಿದವರು ಅದನ್ನು ಬಿಚ್ಚದೆ ಡ್ಯೂಟಿ ಮುಗಿಸಿ ಮನೆಗೆ ಹೋಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದವಳೇ ಹಾಸಿಗೆ ಸರಿಮಾಡಿದೆ. ನಾನು ಮಲಗಿದ್ದ ಹಾಸಿಗೆಯನ್ನು ಇನ್ನೊಬ್ಬರು ಬಂದು ಸರಿಮಾಡುವುದೆಂದರೆ ನಾನು ರೋಗಿಯಾದ ಹಾಗೆ. ಚಾದರವನ್ನು ಸುಕ್ಕಿಲ್ಲದೆ ಎಳೆದು, ನಾಲ್ಕು ಮೂಲೆಯಲ್ಲೂ ಲಕೋಟೆಯ ಬೆನ್ನಿನ ಹಾಗೆ ಓರೆಯಾಗಿ ಮಡಿಸಿ ಒಳಗೆ ತುರುಕಿದೆ. ಎರಡೇ ದಿಂಬು, ಮಲಗಿಸಿ, ಅವುಗಳ ಗವಸಿನ ಬಾಯಿ ಬಾಗಿಲಿನ ಕಡೆ ಬಾರದ ಹಾಗೆ. ಬಾಗಿಲಲ್ಲಿ ನಿಂತ ಡಾಕ್ಟರಿಗೆ ದಿಂಬಿನ ಬಾಯಿ ಕಾಣಬಾರದು ಎಂಬುದು ನಾನು ಹತ್ತೊಂಬತ್ತರ ವಯಸ್ಸಿನಲ್ಲಿ ಕಲಿತ ಪಾಠ. ಉಳಿದ ನಾಲ್ಕನ್ನು ಕಪಾಟಿಗೆ ಸೇರಿಸಿದೆ. ಬಚ್ಚಲನ್ನೂ ಒರೆಸಿದೆ.

“ಅಲ್ಲ ಕಣೇ,” ಅಂದರು ಇವರು, ಕಣ್ಣುಜ್ಜಿಕೊಳ್ಳುತ್ತ. “ನಂಗೆ ಬಹುಮಾನ ಬಂದಿರೋದು ಇಲ್ಲಿ ಇರೋಕೆ. ನಿಂಗೆ ಇಲ್ಲೇ ಕೆಲಸ ಸಿಕ್ಕಿದ್ದು ಯಾವಾಗ?”

ಹತ್ತು ಗಂಟೆಗೆ ರೂಮು ಗುಡಿಸುವವಳು ಕೈಗಾಡಿ ತಳ್ಳಿಕೊಂಡು ಬಂದಳು. ನಲವತ್ತರ ಹತ್ತಿರದ ಹೆಂಗಸು, ಬಿಗಿಯಾಗಿ ಕಟ್ಟಿದ ತುರುಬು. ಹಾಸಿಗೆ ನೋಡಿದಳು, ನನ್ನನ್ನು ನೋಡಿದಳು. ಮೈ ಒರೆಸುವ ಬಟ್ಟೆಗಳನ್ನು ಬದಲಾಯಿಸಿ ನಗುತ್ತಲೇ ಹೋದಳು. ಆ ಹೋಟೆಲಿನಲ್ಲಿ ನಾನು ಕಂಡ ಮೊದಲ ನಿಜವಾದ ನಗು ಅದು. ಒಬ್ಬಳಿಗಾದರೂ ಕೈಕಾಲಿಗೆ ಬಿಡುವು ಕೊಟ್ಟೆನಲ್ಲ ಅಂತ ಉಬ್ಬಿಹೋದೆ.

ಎರಡನೇ ದಿನ ಅವಳು ಬಂದಾಗ ನಗು ಇರಲಿಲ್ಲ. ನೇರ ಹಾಸಿಗೆಗೆ ಹೋಗಿ ನಾನು ಹಾಕಿದ ಮೂಲೆಗೆ ಕೈಹಾಕಿದಳು.

“ಬಿಡಮ್ಮ, ನಾನಾಗಲೇ ಹಾಕಿದೀನಿ,” ಅಂದೆ.

“ಇಲ್ಲ ಮೇಡಂ, ನಾನು ಇನ್ನೊಂದ್ಸಲ...”

“ಹೇಳಿದೆನಲ್ಲ. ಹೋಗು, ಆ ಕುರ್ಚಿ ಮೇಲೆ ಐದು ನಿಮಿಷ ಕೂತ್ಕೋ.”

ಹದಿನೈದು ವರ್ಷ ವಾರ್ಡು ಆಳಿದ ದನಿ ಅದು. ಅವಳು ಕೂತಳು. ಗಡಿಯಾರ ನೋಡುತ್ತ ಐದು ನಿಮಿಷ ಕೂತು, ಎದ್ದು ಹೋದಳು. ಪಾಪ, ಸಂಕೋಚದ ಹೆಂಗಸು ಅಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ಮೂರನೇ ದಿನ ನಾವು ಹೊರಡಬೇಕಿತ್ತು. ಎಂಟೂವರೆಗೇ ಬಾಗಿಲು ತಟ್ಟಿದ ಸದ್ದು. ಅವಳೇ. ಕೈಗಾಡಿ ಇಲ್ಲ.

“ಅಮ್ಮ, ತಪ್ಪು ತಿಳ್ಕೋಬೇಡಿ. ಇವತ್ತು ಹಾಸಿಗೆ ಮುಟ್ಟಬೇಡಿ.”

ಒಳಗೆ ಕರೆದು ಏನಾಯಿತು ಅಂತ ಕೇಳಿದೆ. ನಿಂತೇ ಹೇಳಿದಳು. ಅವಳು ಸೇರಿ ಆರು ತಿಂಗಳಾಗಿತ್ತು. ಕಾಯಂ ಮಾಡುವುದೋ ಬಿಡುವುದೋ ಅಂತ ಇವತ್ತು ಹನ್ನೊಂದು ಗಂಟೆಗೆ ತೀರ್ಮಾನ. ಇದಕ್ಕೆ ಮುಂಚೆ ಎರಡು ಹೋಟೆಲಿನವರು ಕಾಯಂ ಮಾಡಬೇಕಾದೀತು ಅಂತ ಐದನೇ ತಿಂಗಳಿಗೇ ಕಳಿಸಿದ್ದರು. ಇಲ್ಲಿ ಗಡಿ ದಾಟಿದ್ದಳು. ಅಷ್ಟರಲ್ಲಿ ನಾನು ವಕ್ಕರಿಸಿದೆ. ಅವಳು ಹೋದಮೇಲೆ ಪ್ರತಿ ರೂಮಿಗೂ ಒಬ್ಬ ಮೇಲ್ವಿಚಾರಕಿ ಬಂದು, ಹಾಸಿಗೆಯನ್ನು ಒಂದು ಫೋಟೋದ ಜೊತೆ ಹೋಲಿಸಿ ನೋಡುತ್ತಾಳಂತೆ. ಫೋಟೋದಲ್ಲಿ ಆರು ದಿಂಬು ನಿಂತಿರುತ್ತವೆ. ನಮ್ಮ ರೂಮಿನಲ್ಲಿ ಎರಡು ಮಲಗಿದ್ದವು. ಮೂಲೆಯಂತೂ ಕೇಳುವುದೇ ಬೇಡ. ತರಬೇತಿ ಪಾಲಿಸಿಲ್ಲ ಅಂತ ಒಂದು ತಪ್ಪು, ಎರಡನೇ ದಿನ ಇನ್ನೊಂದು ತಪ್ಪು. ಮೂರಾದರೆ ಮನೆಗೆ.

“ಅತಿಥಿನೇ ಹಾಕ್ಕೊಂಡ್ರು ಅಂತ ಹೇಳ್ಲಿಲ್ವಾ?”

“ಹೇಳಿದೆ ಅಮ್ಮ. ‘ದೊಡ್ಡ ಹೋಟೆಲಿಗೆ ಬಂದು ಯಾರಾದ್ರೂ ಹಾಸಿಗೆ ಹಾಕ್ತಾರಾ, ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ’ ಅಂದ್ರು.” ಆಮೇಲೆ ತಲೆ ತಗ್ಗಿಸಿ, “ಮೊದಲನೇ ದಿನ ನಂಗೂ ಖುಷಿ ಆಗಿತ್ತು, ಒಂದು ರೂಮು ಕಮ್ಮಿ ಆಯ್ತಲ್ಲ ಅಂತ. ಅದು ನನ್ನ ತಪ್ಪೇ,” ಅಂದಳು.

ನನಗೆ ಮೈಯೆಲ್ಲ ಉರಿಯಿತು. ಅರ್ಧ ಹೋಟೆಲಿನ ಮೇಲೆ, ಅರ್ಧ ನನ್ನ ಮೇಲೆ. ಅವಳನ್ನು ಕೆಲಸಕ್ಕೆ ಕಳಿಸಿ, ಬೆಳಿಗ್ಗೆಯೇ ಹಾಕಿಟ್ಟಿದ್ದ ಹಾಸಿಗೆಯನ್ನು ಕೆದರಿ, ಇವರನ್ನು ಎಳೆದುಕೊಂಡು ಕೆಳಗಿಳಿದೆ. ಅನುಭವ ಅಧಿಕಾರಿ ಗಾಜಿನ ಕೋಣೆಯಲ್ಲಿ ಕೂತಿದ್ದ. ನಮ್ಮನ್ನು ಕಂಡು ಎದ್ದು ನಕ್ಕ.

“ನೋಡಪ್ಪ, ಹದಿನಾಲ್ಕನೇ ಮಹಡೀಲಿ ನಮ್ಮ ರೂಮಿನ ಹಾಸಿಗೆ ಹಾಕಿದ್ದು ನಾನು. ಎರಡು ದಿನಾನೂ ನಾನೇ.”

ಅವನ ನಗು ಮಾಯವಾಯಿತು. “ನೀವೇ ಹಾಕ್ಕೋಬೇಕಾಯ್ತಾ ಮೇಡಂ? ಎರಡು ದಿನ?”

“ಬೇಕಾಯ್ತು ಅಂತ ಅಲ್ಲ. ನಂಗೆ ಅಭ್ಯಾಸ.”

“ತುಂಬಾ ವಿಷಾದ ಮೇಡಂ.” ಬೆರಳು ಟ್ಯಾಬಿನ ಮೇಲೆ ಓಡುತ್ತಿತ್ತು. “ಸಿಬ್ಬಂದಿ ಬಾರದ ಕಾರಣ ಅತಿಥಿ ಎರಡು ದಿನ ತಾವೇ...”

“ಬಂದಿದ್ಲು ಕಣಪ್ಪ. ನಾನೇ ಬೇಡ ಅಂದೆ. ಕೂರಿಸಿದೆ.”

“ಕೂತಿದ್ಲಾ?” ಅವನ ಹುಬ್ಬು ಮೇಲೇರಿತು. “ಅತಿಥಿಯ ಕುರ್ಚಿ ಮೇಲೆ?”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ನಾನು ಬಿಡಿಸಿ ಹೇಳಿದಷ್ಟೂ ಅವಳ ಕುತ್ತಿಗೆಯ ಹಗ್ಗ ಬಿಗಿಯುತ್ತಿತ್ತು. ಬಚ್ಚಲು ಒರೆಸಿದ್ದೂ ನಾನೇ ಅಂದಾಗ ಅವನು ಎರಡೂ ಕೈ ಜೋಡಿಸಿ, ಒಂದು ಬುಟ್ಟಿ ಹಣ್ಣು, ಇನ್ನೊಂದು ರಾತ್ರಿ ಪುಕ್ಕಟೆ ವಾಸ ಎರಡನ್ನೂ ಘೋಷಿಸಿದ. ನಡಿ, ಈಗಲೇ ಹಾಕಿ ತೋರಿಸುತ್ತೇನೆ ಅಂದೆ. “ದಯವಿಟ್ಟು ಮೇಡಂ, ನಿಮ್ಮನ್ನ ಇನ್ನು ಒಂದು ಕಡ್ಡಿ ಎತ್ತೋಕೂ ಬಿಡಲ್ಲ. ಆಕೆ ಮೇಲೆ ಹನ್ನೊಂದು ಗಂಟೆಗೆ ಕ್ರಮ ತಗೋತೀವಿ,” ಅಂದ.

ಹೊರಗೆ ಬಂದು ಮೆತ್ತನೆಯ ಸೋಫಾದಲ್ಲಿ ಹೂತುಕೊಂಡು ಕೂತೆ. ಉಪಕಾರ ಮಾಡಲು ಹೋಗಿ ಮೂರನೇ ತಪ್ಪನ್ನು ನನ್ನ ಕೈಯಾರೆ ದಯಪಾಲಿಸಿ ಬಂದಿದ್ದೆ. ಗಂಟೆ ಒಂಬತ್ತೂಮುಕ್ಕಾಲು. ಇವರು ಪಕ್ಕದಲ್ಲಿ ಕೂತು ಹೋಟೆಲಿನ ಪುಕ್ಕಟೆ ಪೇಪರು ಓದುತ್ತಿದ್ದರು. ಪೇಪರಿನ ಹಿಂದಿನಿಂದಲೇ ಮಾತಾಡಿದರು.

“ಕೆಲಸ ಮಾಡೋ ಅತಿಥಿನ ಅವನು ಹುಟ್ಟಿದಾಗಿಂದ ನೋಡಿಲ್ಲ. ಅವನಿಗೆ ಗೊತ್ತಿರೋದು ಕಾಟ ಕೊಡೋರು ಮಾತ್ರ. ನೀನು ಕಾಟ ಕೊಟ್ಟೆ ಅಂತ ಹೇಳು, ತಕ್ಷಣ ನಂಬ್ತಾನೆ.”

ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಮನುಷ್ಯ ಹೀಗೆ ತಲೆ ಓಡಿಸಿದ್ದನ್ನು ನಾನು ಕಂಡಿದ್ದು ಎರಡನೇ ಸಲ. ಎದ್ದು ಮತ್ತೆ ಗಾಜಿನ ಕೋಣೆಗೆ ಹೋದೆ. ಇವರೂ ಹಿಂದೆ ಬಂದರು.

“ಆಗ ಹೇಳಿದ್ದು ಸುಳ್ಳಪ್ಪ. ನಿಜ ಹೇಳೋಕೆ ನಾಚಿಕೆ ಆಯ್ತು,” ಅಂದೆ. “ಹಾಸಿಗೆ ಹಾಕಿದ್ದು ಅವಳೇ. ನನ್ನ ಬೆನ್ನುನೋವಿಗೆ ಆಸ್ಪತ್ರೆ ಥರದ ಹಾಸಿಗೆನೇ ಆಗ್ಬೇಕು. ಹಾಗೇ ಹಾಕು ಅಂತ ನಿಂತು ಹಾಕಿಸಿದೆ. ಮೂರು ಸಲ ಬಿಚ್ಚಿಸಿದೆ.”

ಅವನ ಮುಖದಲ್ಲಿ ಜೀವ ಬಂತು. “ಅಯ್ಯೋ ಮೇಡಂ, ಇದರಲ್ಲಿ ನಾಚಿಕೆ ಏನು? ಅತಿಥಿಗಳು ಅಂದ್ಮೇಲೆ ಹಾಗೇ. ಮೊದಲೇ ಹೇಳ್ಬಾರ್ದಾ?” ಒಂದು ಗಳಿಗೆಯೂ ಅನುಮಾನಪಡಲಿಲ್ಲ. “ದಾಖಲೆಗೆ ಸ್ವಲ್ಪ ವಿವರ ಬೇಕು. ಅವಳಿಗೆ ಏನಂತ ಹೇಳಿದ್ರಿ?”

ಏನಾದರೂ ಕಟ್ಟಿ ಹೇಳೋಣ ಅಂತ ನಾನು ಬಾಯಿ ತೆರೆದೆ. ಯೋಚಿಸುವ ಅಗತ್ಯವೇ ಬೀಳಲಿಲ್ಲ.

“‘ಇದಕ್ಕೆ ಮೂಲೆ ಅಂತಾರೇನೇ? ನಿಮ್ಮಮ್ಮ ಇಷ್ಟೇ ಕಲಿಸಿ ಕಳಿಸಿದ್ದಾ? ಬಿಚ್ಚು. ಇನ್ನೊಂದ್ಸಲ ಹಾಕು. ಅಳೋದಿದ್ರೆ ಆಚೆ ಹೋಗಿ ಅಳು, ಚಾದರ ಒದ್ದೆ ಮಾಡ್ಬೇಡ. ನಿನ್ನಂಥೋರು ಹತ್ತು ಜನ ಗೇಟಿನ ಹತ್ರ ಕಾಯ್ತಾ ನಿಂತಿದಾರೆ.’”

ಟ್ಯಾಬಿನ ಮೇಲೆ ಟಕಟಕ ಸದ್ದು. ಇವರು ಪೇಪರು ಮಡಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಮಾತೂ ತಡವರಿಸಿರಲಿಲ್ಲ. ಹೇಗೆ ತಡವರಿಸೀತು? ನಾನು ಹೆಡ್ ಸಿಸ್ಟರ್ ಆಗಿದ್ದಾಗ ಮೂರನೇ ವಾರ್ಡಿಗೆ ಒಬ್ಬ ಹೊಸ ಆಯಾ ಬಂದಿದ್ದಳು. ಎಡಗೈಯವಳು, ಮಡಿಕೆಗಳೆಲ್ಲ ತಿರುಗುಮುರುಗು. ಅವಳ ಆರು ತಿಂಗಳ ವರದಿ ಬರೆಯುವುದು ನನ್ನ ಕೈಯಲ್ಲಿತ್ತು. ಬರೆದೆ. ಅವಳ ಮುಖ ಈಗ ನೆನಪಾಗುವುದಿಲ್ಲ, ಅದಕ್ಕೆ ನನಗೆ ನಾಚಿಕೆಯಾಗುತ್ತದೆ. ಅವಳು ಹಾಕುತ್ತಿದ್ದ ಮೂಲೆಗಳು ಮಾತ್ರ ನೆನಪಿವೆ.

“ಅದ್ಭುತ ಮೇಡಂ,” ಅಂದ ಅಧಿಕಾರಿ. “ಇಷ್ಟೆಲ್ಲ ಅನ್ನಿಸ್ಕೊಂಡೂ ನಗುನಗುತ್ತಾ ಮಾಡಿದಾಳಲ್ಲ, ಅದೇ ನಮ್ಮ ಸೇವೆ.”

ಹನ್ನೊಂದೂವರೆಗೆ ನಾವು ಸೂಟ್‌ಕೇಸು ಮುಚ್ಚುತ್ತಿದ್ದಾಗ ಅವಳು ಬಂದಳು. ಈ ಸಲ ಕೈಗಾಡಿಯೂ ಇತ್ತು, ನಗುವೂ ಇತ್ತು. ಎರಡು ತಪ್ಪನ್ನೂ ಹೊಡೆದುಹಾಕಿ ಕಾಯಂ ಮಾಡಿದ್ದರು. ಮೀಟಿಂಗಿನಲ್ಲಿ ನನ್ನ ಮಾತುಗಳನ್ನು ಎಲ್ಲರೆದುರು ಓದಿ, ಕೆಲಸ ಅಂದರೆ ಹೀಗಿರಬೇಕು ಅಂತ ಚಪ್ಪಾಳೆ ತಟ್ಟಿಸಿದರಂತೆ. ಅಷ್ಟೇ ಅಲ್ಲ. ನಾಳೆಯಿಂದ ಆ ಮಹಡಿಯ ಹದಿನೆಂಟು ರೂಮಿನವರೂ ಬೇಕೆಂದರೆ ‘ಬೆನ್ನುನೋವಿನ ವಿಶೇಷ ಹಾಸಿಗೆ’ ಪಡೆಯಬಹುದು. ಹಾಕುವವಳು ಇವಳೇ. ಹೆಚ್ಚಿನ ಸಮಯವಾಗಲಿ, ಇನ್ನೊಂದು ಜೊತೆ ಕೈಯಾಗಲಿ ಅವರು ಕೊಟ್ಟಿರಲಿಲ್ಲ. ಚಪ್ಪಾಳೆಯನ್ನಂತೂ ಧಾರಾಳವಾಗಿ ಕೊಟ್ಟಿದ್ದರು.

ಅವಳಿಗೆ ಅದೆಲ್ಲ ಲೆಕ್ಕಕ್ಕೇ ಇರಲಿಲ್ಲ. ನಾನು ಕೆದರಿದ ಹಾಸಿಗೆಯ ಅಂಚಿನಲ್ಲಿ ಕೂತಿದ್ದೆ. ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಅಮ್ಮ. ಆದ್ರೆ ಒಂದು ಕೇಳ್ಲಾ? ಅದನ್ನ ಓದ್ತಿದ್ದಾಗ ನಂಗೇ ಅಳು ಬಂತು, ನಿಜವಾಗ್ಲೂ ಯಾರೋ ಬೈದ ಹಾಗೆ. ಅಷ್ಟು ಚೆನ್ನಾಗಿ ಸುಳ್ಳು ಹೇಗೆ ಹೇಳಿದ್ರಿ?”

ಇವರು ಕಿಟಕಿಯ ಕಡೆ ತಿರುಗಿಕೊಂಡರು. ಏನಾದರೊಂದು ಹೇಳಿ ಹಾರಿಸಿಬಿಡಬಹುದಿತ್ತು. ಆದರೆ ಅವಳ ಕೈ ನನ್ನ ಕೈಯಲ್ಲಿತ್ತು.

“ಸುಳ್ಳಲ್ಲಮ್ಮ. ನಾನೇ ಅಂದಿರೋ ಮಾತುಗಳು. ಅನ್ನಿಸ್ಕೊಂಡೋಳು ನೀನಲ್ಲ, ಅಷ್ಟೆ.”

ಅವಳು ನನ್ನ ಕೈಗಳನ್ನೇ ನೋಡಿದಳು.

“ಅವಳ ಕೆಲಸ ಉಳೀತಾ ಅಮ್ಮ?”

“ಇಲ್ಲ.”

ಅವಳು ಕೈ ಬಿಟ್ಟಳು. ಜಾಡಿಸಲಿಲ್ಲ, ಮೆತ್ತಗೆ ಬಿಟ್ಟಳು. ಕೈಗಾಡಿಯಿಂದ ಹೊಸ ಚಾದರ ತೆಗೆದುಕೊಂಡು ನನ್ನೆದುರು ನಿಂತಳು.

“ಏಳಿ ಮೇಡಂ,” ಅಂದಳು. “ಹಾಸಿಗೆ ಹಾಕ್ಬೇಕು.”